ತಿರುಗಿ ಬಂದವನಿಗೆ ಕಲ್ಲಿಲ್ಲ

ನನ್ನ ಸಂಶೋಧನೆಯ ವಿಷಯ ವೀರಗಲ್ಲುಗಳು. ನಾಲ್ಕು ವರ್ಷಗಳಿಂದ ಊರೂರು ಅಲೆದು, ಹಾಳು ಗುಡಿಗಳ ಹಿಂದೆ, ಕೆರೆ ಏರಿಯ ಮೇಲೆ, ಒಮ್ಮೊಮ್ಮೆ ಯಾರದೋ ದನದ ಕೊಟ್ಟಿಗೆಯ ಗೋಡೆಯಲ್ಲಿ ಸೇರಿಹೋದ ಕಲ್ಲುಗಳ ಮುಂದೆ ಕೂತು ಟಿಪ್ಪಣಿ ಬರೆದುಕೊಂಡಿದ್ದೇನೆ. ಅವುಗಳ ವಿನ್ಯಾಸ ನಿಮಗೂ ಗೊತ್ತಿರುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವಿನದರಲ್ಲಿ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲಿನದರಲ್ಲಿ ಲಿಂಗದ ಎದುರು ಶಾಂತವಾಗಿ ಕೂತ ಅದೇ ವೀರ. ತುರುಗೋಳಿನಲ್ಲಿ ಸತ್ತವನಿರಲಿ, ಊರಳಿವಿನಲ್ಲಿ ಸತ್ತವನಿರಲಿ, ಕಥೆ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಅಡ್ಡಕ್ಕೆ, ಅಂದರೆ ಮನೆಯ ಕಡೆಗೆ, ಹೋಗುವುದಿಲ್ಲ.

ಇದನ್ನು ಗಮನಿಸಲು ನನಗೆ ಮೂರು ವರ್ಷ ಬೇಕಾಯಿತು. ಗಮನಕ್ಕೆ ಬಂದಾಗ ನೆನಪಾದದ್ದು ನನ್ನ ಮಾಮಾ. ಬೆಳಗಾವಿ ಜಿಲ್ಲೆಯ ನಮ್ಮೂರಿನಿಂದ ಸೈನ್ಯಕ್ಕೆ ಹೋದವರು ಬಹಳ ಮಂದಿ. ಅವರಲ್ಲಿ ಮಾಮಾನೂ ಒಬ್ಬ. 1999ರಲ್ಲಿ ಕಾರ್ಗಿಲ್ ಕಡೆ ಇದ್ದವನು, ಪೆನ್ಶನ್ ಪಡೆದು ಬಂದು ಹಿಟ್ಟಿನ ಗಿರಣಿ ಹಾಕಿದ. ನನಗೆ ಎಂಟೋ ಒಂಬತ್ತೋ ವರ್ಷ. ಮನೆಮಂದಿಯೆಲ್ಲ ಊಟಕ್ಕೆ ಕೂತಾಗ ಕೇಳಿದ್ದೆ, "ಮಾಮಾ, ನೀ ಎಷ್ಟ ಮಂದೀನ ಕೊಂದಿ?" ಪಂಕ್ತಿಯಲ್ಲಿ ಕೈಗಳು ನಿಂತವು. ಮಾಮಾ ನನ್ನ ಕಡೆ ನೋಡದೆ ಅವ್ವನಿಗೆ ಹೇಳಿದ, "ಅಕ್ಕಾ, ಇವಂಗ ಇನ್ನೊಂದ ರೊಟ್ಟಿ ಹಾಕ." ಅಷ್ಟೇ. ಆ ರೊಟ್ಟಿ ನನಗೆ ಇವತ್ತಿಗೂ ಅರಗಿಲ್ಲ.

ಪ್ರಬಂಧದ ಕೊನೆಯ ಅಧ್ಯಾಯ ಆಧುನಿಕ ಯುದ್ಧ ಸ್ಮಾರಕಗಳ ಬಗ್ಗೆ. ಅದಕ್ಕಾಗಿ ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಮೈಸೂರು ಲ್ಯಾನ್ಸರ್ಸ್ ಸ್ಮಾರಕವನ್ನು ನೋಡಲು ಹೋಗಿದ್ದೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆ ಮೈಸೂರಿನ ಕುದುರೆ ಪಡೆ ಹೈಫಾ ನಗರವನ್ನು ಗೆದ್ದಿತ್ತು. ಮೆಷಿನ್ ಗನ್ನುಗಳ ಎದುರು ಭರ್ಜಿ ಹಿಡಿದು. ರೂಮಿಗೆ ಬಂದು ಹೈಫಾ ಎಲ್ಲಿದೆ ಎಂದು ನಕ್ಷೆ ತೆರೆದೆ. ಕೊಲ್ಲಿಯ ಆಚೆ ದಡದಲ್ಲಿ ಹಳೆಯ ಏಕರ್ ಪಟ್ಟಣ. ಅಲ್ಲಿಂದ ಸ್ವಲ್ಪ ಉತ್ತರಕ್ಕೆ ಒಂದು ಪುಟ್ಟ ಚುಕ್ಕೆ: ಲೋಹಮೆ ಹಗೆಟಾಓತ್. ಹೀಬ್ರೂವಿನಲ್ಲಿ ಅದರ ಅರ್ಥ 'ಘೆಟ್ಟೋ ಹೋರಾಟಗಾರರು'. ಊರಿಗೆ ಊರೇ ಒಂದು ವೀರಗಲ್ಲಿನ ಹೆಸರು ಹೊತ್ತು ನಿಂತಿದೆಯಲ್ಲ ಎನ್ನಿಸಿತು. ಆ ರಾತ್ರಿ ಲ್ಯಾನ್ಸರ್ಸ್ ಹಿಂದೆ ಬಿದ್ದರು.

ಅದೊಂದು ಕಿಬ್ಬುಟ್ಜ್. ದುಡಿಮೆ, ಊಟ, ಆಸ್ತಿ ಎಲ್ಲವನ್ನೂ ಒಟ್ಟಿಗೆ ಹಂಚಿಕೊಂಡು ಬದುಕಲೆಂದು ಕಟ್ಟಿಕೊಂಡ ಸಮುದಾಯ. 1949ರ ಏಪ್ರಿಲ್ 19ರಂದು, ವಾರ್ಸಾ ಘೆಟ್ಟೋ ಬಂಡಾಯದ ಆರನೆಯ ವಾರ್ಷಿಕದ ದಿನ, ಅದನ್ನು ಕಟ್ಟಲಾಯಿತು. ಕಟ್ಟಿದವರು ನಾಜಿಗಳ ಕೈಯಿಂದ ಉಳಿದು ಬಂದವರು. ಬಂಡಾಯದ ಮುಂದಾಳುಗಳಾಗಿದ್ದ ಜಿವಿಯಾ ಲುಬೆಟ್ಕಿನ್ ಮತ್ತು ಯಿಟ್ಜಾಕ್ ಜುಕರ್‌ಮನ್ ದಂಪತಿ ಅಲ್ಲೇ ನೆಲೆಸಿದರು. ಅದೇ ವರ್ಷ ಅಲ್ಲೊಂದು ವಸ್ತುಸಂಗ್ರಹಾಲಯವೂ ಶುರುವಾಯಿತು. 1944ರಲ್ಲಿ ಆಶ್ವಿಟ್ಜ್‌ನಲ್ಲಿ ಕೊಲೆಯಾದ ಕವಿ ಯಿಟ್ಜಾಕ್ ಕಾಟ್ಜೆನೆಲ್ಸನ್ ಹೆಸರು ಅದಕ್ಕೆ. ಹೊಲದಲ್ಲಿ ಕೆಲಸ ಮಾಡಿ ಬಂದವರು ಸಂಜೆ ಸತ್ತವರ ಕಾಗದಪತ್ರಗಳನ್ನು ಜೋಡಿಸುತ್ತಿದ್ದ ಊರು.

ಇನ್ನೊಂದು ಮಾತನ್ನೂ ಹೇಳಲೇಬೇಕು. ಆ ಊರು ನಿಂತ ನೆಲ ಅಲ್-ಸುಮೈರಿಯಾ ಎಂಬ ಪ್ಯಾಲೆಸ್ತೀನಿ ಹಳ್ಳಿಯದು. 1948ರ ಮೇ ತಿಂಗಳಲ್ಲಿ ಆ ಹಳ್ಳಿ ಬರಿದಾಯಿತು. ಜಗತ್ತಿನಲ್ಲೇ ಅತ್ಯಂತ ಶ್ರದ್ಧೆಯಿಂದ ನೆನಪಿಡುವ ಊರಿನ ಕಾಲಕೆಳಗೆ ಮರೆಸಲ್ಪಟ್ಟ ಇನ್ನೊಂದು ಊರು. ವೀರಗಲ್ಲುಗಳ ನಡುವೆ ಓಡಾಡುವವನಿಗೆ ಇದು ತೀರಾ ಹೊಸದಲ್ಲ. ಗೆದ್ದ ಊರಿನ ಕಲ್ಲು ಉಳಿಯುತ್ತದೆ, ಸೋತ ಊರಿನ ಹೆಸರೂ ಉಳಿಯುವುದಿಲ್ಲ.

ಇಲ್ಲಿ 1952ರಲ್ಲಿ ಹುಟ್ಟಿದ ಹುಡುಗ ಜ್ವಿ ಗ್ರೀನ್‌ಗೋಲ್ಡ್. ಎಲ್ಲರೂ ಕರೆಯುವುದು ಜ್ವಿಕಾ. ಆ ಕಾಲದ ಕಿಬ್ಬುಟ್ಜ್‌ಗಳಲ್ಲಿ ಮಕ್ಕಳು ಸಾಮಾನ್ಯವಾಗಿ ರಾತ್ರಿ ಅಪ್ಪ ಅಮ್ಮನ ಜೊತೆ ಮಲಗುತ್ತಿರಲಿಲ್ಲ. 'ಮಕ್ಕಳ ಮನೆ'ಯಲ್ಲಿ ಒಟ್ಟಿಗೆ ಬೆಳೆಯುತ್ತಿದ್ದರು. ಜ್ವಿಕಾಗೆ ಒಂಬತ್ತು ವರ್ಷವಾದಾಗ, 1961ರಲ್ಲಿ, ಜೆರುಸಲೇಮಿನಲ್ಲಿ ಐಕ್‌ಮನ್ ವಿಚಾರಣೆ ನಡೆಯಿತು. ಜಿವಿಯಾ, ಯಿಟ್ಜಾಕ್ ಇಬ್ಬರೂ ಹೋಗಿ ಸಾಕ್ಷಿ ಹೇಳಿದರು. ಊಟದ ಮನೆಯಲ್ಲಿ ಎದುರು ಸಿಗುವ ಮಂದಿಯೇ ಚರಿತ್ರೆಯ ಸಾಕ್ಷಿಗಳಾಗಿದ್ದರೆ ಮಗುವಿನ ಮನಸ್ಸಿನಲ್ಲಿ ಏನಾಗುತ್ತದೆ? ಅಲ್ಲಿ ಯಾರೂ ಯಾರನ್ನೂ 'ಎಷ್ಟು ಮಂದಿ' ಎಂದು ಕೇಳಬೇಕಾಗಿರಲಿಲ್ಲ ಅನ್ನಿಸುತ್ತದೆ. ಪ್ರತಿ ಮನೆಯಲ್ಲೂ ಉತ್ತರ ಮೊದಲೇ ಇತ್ತು.

1973ರ ಅಕ್ಟೋಬರ್ 6, ಶನಿವಾರ, ಯೋಮ್ ಕಿಪ್ಪುರ್. ಯೆಹೂದಿಗಳ ಉಪವಾಸದ ದಿನ. ಲೆಫ್ಟಿನೆಂಟ್ ಜ್ವಿಕಾ, 21 ವರ್ಷ, ಕಂಪನಿ ಕಮಾಂಡರ್ ತರಬೇತಿಗೆ ಹೋಗುವ ಮುಂಚೆ ರಜೆಯ ಮೇಲೆ ಮನೆಯಲ್ಲಿದ್ದ. ಮಧ್ಯಾಹ್ನ ಎರಡರ ಸುಮಾರಿಗೆ ಸಿರಿಯಾ ಮತ್ತು ಈಜಿಪ್ಟ್ ಒಟ್ಟಿಗೆ ದಾಳಿ ಮಾಡಿದವು. ಆ ಹೊತ್ತಿಗೆ ಅವನ ಕೈಕೆಳಗೆ ತುಕಡಿ ಇರಲಿಲ್ಲ, ಟ್ಯಾಂಕ್ ಇರಲಿಲ್ಲ, ಹೋಗು ಎಂಬ ಆದೇಶವೂ ಇರಲಿಲ್ಲ. ರಸ್ತೆಗೆ ಬಂದು ಸಿಕ್ಕ ಗಾಡಿಗಳಿಗೆ ಕೈ ಮಾಡಿ ಗೋಲಾನ್ ಬೆಟ್ಟದ ನಫಾ ಎಂಬ ಸೇನಾ ನೆಲೆಗೆ ಹೋದ. ಯುದ್ಧಕ್ಕೆ ಲಿಫ್ಟ್ ಕೇಳಿಕೊಂಡು ಹೋದ ಅಧಿಕಾರಿ.

ಗೋಲಾನ್‌ನಲ್ಲಿ ಆಗ ಇಸ್ರೇಲಿನ ಟ್ಯಾಂಕುಗಳು 200ಕ್ಕಿಂತ ಕಡಿಮೆ. ಎದುರಿಗೆ ಸಿರಿಯಾದ ಸಾವಿರಕ್ಕೂ ಹೆಚ್ಚು. ಸಿರಿಯಾದವರಲ್ಲಿ ಕತ್ತಲಲ್ಲಿ ಕಾಣುವ ಉಪಕರಣಗಳಿದ್ದವು. ಇವರಲ್ಲಿ ಹೆಚ್ಚಿನವರಿಗೆ ಬರಿಗಣ್ಣು. ನಫಾದಲ್ಲಿ ಪೆಟ್ಟು ತಿಂದು ರಿಪೇರಿಗೆ ನಿಂತಿದ್ದ ಕೆಲವು ಸೆಂಚೂರಿಯನ್ ಟ್ಯಾಂಕುಗಳಿದ್ದವು. ಅವುಗಳಲ್ಲಿ ಹೊರಡಬಲ್ಲವನ್ನು ತೆಗೆದುಕೊಂಡು, ಸಿಕ್ಕ ಸೈನಿಕರನ್ನು ಕೂಡಿಸಿಕೊಂಡು ಅವನು ಟ್ಯಾಪ್‌ಲೈನ್ ರಸ್ತೆಗೆ ಇಳಿದ. ಸೌದಿ ಅರೇಬಿಯಾದಿಂದ ಲೆಬನಾನಿನ ಕರಾವಳಿಗೆ ಎಣ್ಣೆ ಸಾಗಿಸಲು ಹಾಕಿದ ಪೈಪು ಗೋಲಾನ್ ಮೂಲಕ ಹಾದುಹೋಗುತ್ತದೆ. ಅದರ ಪಕ್ಕದ ರಸ್ತೆ ಅದು. ರೇಡಿಯೋದಲ್ಲಿ ಆ ಗುಂಪಿಗೆ ಸಿಕ್ಕ ಹೆಸರು 'ಕೋಆಹ್ ಜ್ವಿಕಾ', ಜ್ವಿಕಾ ಪಡೆ.

ಪಡೆ ಎಂಬುದು ಬೇಗನೆ ಬರೀ ಹೆಸರಾಯಿತು. ಟ್ಯಾಂಕುಗಳು ಕೆಟ್ಟವು, ಪೆಟ್ಟು ತಿಂದವು, ಕತ್ತಲಲ್ಲಿ ಬೇರ್ಪಟ್ಟವು. ಆ ರಾತ್ರಿ ದೀರ್ಘ ಹೊತ್ತು ಅವನದೊಂದೇ ಟ್ಯಾಂಕ್ ಸಿರಿಯಾದ ಒಂದು ಬ್ರಿಗೇಡಿನ ದಾರಿಯಲ್ಲಿತ್ತು. ದಿಬ್ಬದ ಮರೆಯಿಂದ ಒಂದು ಗುಂಡು ಹಾರಿಸುವುದು, ಹಿಂದೆ ಸರಿಯುವುದು, ಬೇರೆ ದಿಬ್ಬಕ್ಕೆ ಹೋಗಿ ಅಲ್ಲಿಂದ ಇನ್ನೊಂದು. ಎದುರಿನವರಿಗೆ ಅಲ್ಲೊಂದು ದೊಡ್ಡ ಸೇನೆಯೇ ಅಡಗಿದಂತೆ ಕಂಡಿತು. ಹಿಂದಿನಿಂದ ಅವನ ಬ್ರಿಗೇಡ್ ಕಮಾಂಡರ್ ಯಿಟ್ಜಾಕ್ ಬೆನ್-ಶೋಹಮ್ ರೇಡಿಯೋದಲ್ಲಿ ಪರಿಸ್ಥಿತಿ ಕೇಳುತ್ತಿದ್ದ. ಶತ್ರು ಕೇಳಿಸಿಕೊಳ್ಳುತ್ತಿರಬಹುದು, 'ಒಂದೇ ಟ್ಯಾಂಕ್ ಇದೆ' ಎನ್ನುವಂತಿಲ್ಲ. ಜ್ವಿಕಾ ಸಂಖ್ಯೆ ಹೇಳದೆ, ಪರಿಸ್ಥಿತಿ ಚೆನ್ನಾಗಿಲ್ಲ ಎಂದಷ್ಟೇ ಉತ್ತರಿಸಿದ. ಕಮಾಂಡರ್ ಅಲ್ಲೊಂದು ಕಂಪನಿಯಷ್ಟಾದರೂ ಬಲ ಇದೆ ಎಂದುಕೊಂಡ.

ಈ ಭಾಗ ಓದುವಾಗ ನಾನು ಪುಸ್ತಕ ಮುಚ್ಚಿಟ್ಟೆ. ಒಂಟಿಯಾಗಿರುವವನು, ಒಂಟಿಯಾಗಿದ್ದೇನೆ ಎಂದು ತನ್ನವರಿಗೂ ಹೇಳಲಾಗದ ಸ್ಥಿತಿ. ಎಷ್ಟು ಎಂಬ ಪ್ರಶ್ನೆಗೆ ಉತ್ತರ ಕೊಡದೆ ಇರುವುದೇ ಬದುಕುಳಿಯುವ ದಾರಿಯಾದ ರಾತ್ರಿ. ನನ್ನ ಕಣ್ಣೆದುರು ಬಂದದ್ದು ಗೋಲಾನ್ ಅಲ್ಲ, ನಮ್ಮ ಮನೆಯ ಊಟದ ಪಂಕ್ತಿ.

ಆಮೇಲೆ ಒಂದು ಮೀಸಲು ಪಡೆ ಬಂದು ಸೇರಿಕೊಂಡಿತು, ಅದೂ ಹೊಡೆತ ತಿಂದಿತು. ಜ್ವಿಕಾನ ಟ್ಯಾಂಕಿಗೆ ಗುಂಡು ಬಿದ್ದು ಬಟ್ಟೆಗೆ ಬೆಂಕಿ ಹತ್ತಿತು. ಸುಟ್ಟ ಮೈಯಲ್ಲೇ ಬೇರೆ ಟ್ಯಾಂಕ್ ಹತ್ತಿದ. ಮರುದಿನ ಬೆನ್-ಶೋಹಮ್ ಮತ್ತು ಅವನ ಉಪನಾಯಕ ಇಬ್ಬರೂ ಯುದ್ಧದಲ್ಲಿ ಸತ್ತರು. ಸಿರಿಯಾದ ಟ್ಯಾಂಕುಗಳು ನಫಾ ನೆಲೆಯ ಬೇಲಿಯವರೆಗೆ ಬಂದವು; ಜ್ವಿಕಾ ಅಲ್ಲಿಗೂ ಬಂದು ಹೋರಾಡಿದ. ಒಂದು ಇಡೀ ರಾತ್ರಿ, ಮರುದಿನದ ಬಹುಪಾಲು. ಕೊನೆಗೆ ಟ್ಯಾಂಕಿನಿಂದ ಇಳಿದು, ಎದುರಿಗಿದ್ದ ಅಧಿಕಾರಿಗೆ, ಇನ್ನು ನನ್ನಿಂದ ಆಗುವುದಿಲ್ಲ ಎಂದು ಹೇಳಿ ಕುಸಿದ. ಆಸ್ಪತ್ರೆಗೆ ಸಾಗಿಸಿದರು.

ಆ ಯುದ್ಧಕ್ಕಾಗಿ ಇಸ್ರೇಲ್ ತನ್ನ ಅತ್ಯುನ್ನತ ಶೌರ್ಯ ಪದಕವನ್ನು ಕೊಟ್ಟದ್ದು ಎಂಟು ಮಂದಿಗೆ. ಜ್ವಿಕಾ ಅವರಲ್ಲೊಬ್ಬ. ಅವನ ಬಗ್ಗೆ ಬರೆದವರೆಲ್ಲ ಒಂದು ಕಡೆ ಬಂದು ನಿಲ್ಲುತ್ತಾರೆ: ಎಷ್ಟು ಟ್ಯಾಂಕ್? ಕೆಲವರು 20 ಎನ್ನುತ್ತಾರೆ, ಕೆಲವರು 40 ದಾಟಿಸುತ್ತಾರೆ. ಒಂದೊಂದು ಟ್ಯಾಂಕಿನೊಳಗೂ ಮೂರು ನಾಲ್ಕು ಹುಡುಗರಿದ್ದರು, ಹೋಮ್ಸ್‌ನವರೋ ಅಲೆಪ್ಪೋದವರೋ, ಅವನದೇ ವಯಸ್ಸಿನವರು, ಎಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ. ಯುದ್ಧದಲ್ಲಿ ಸತ್ತ ಇಸ್ರೇಲಿಗಳೇ 2,600ಕ್ಕೂ ಹೆಚ್ಚು. ಸರ್ಕಾರ ಮುನ್ಸೂಚನೆಗಳನ್ನು ಕಡೆಗಣಿಸಿತ್ತೆಂದು ಜನ ಬೀದಿಗಿಳಿದರು, ವಿಚಾರಣಾ ಆಯೋಗ ಕೂತಿತು, 1974ರ ಏಪ್ರಿಲ್‌ನಲ್ಲಿ ಪ್ರಧಾನಿ ಗೋಲ್ಡಾ ಮೇಯರ್ ರಾಜೀನಾಮೆ ಕೊಟ್ಟರು. ದೊಡ್ಡವರು ಸೋತಲ್ಲಿ ದೇಶಕ್ಕೆ ಒಬ್ಬ ಸಣ್ಣ ವಯಸ್ಸಿನವನ ದೊಡ್ಡ ಸಂಖ್ಯೆ ಬೇಕಿತ್ತೇನೋ.

ಕನ್ನಡದಲ್ಲಿ ಬರೆಯುವವನಿಗೆ ಇಲ್ಲೊಂದು ತೊಡಕಿದೆ. ಇಲ್ಲಿಯವರೆಗೆ 'ಅವನು' ಎಂದೆ. ಇನ್ನು ಮುಂದೆ ಆಗುವುದಿಲ್ಲ. ಅವರು ಸಾಯಲಿಲ್ಲ, ತಿರುಗಿ ಬಂದರು. ಅವರ ಕಿಬ್ಬುಟ್ಜ್ ಮಾಂಸವಿಲ್ಲದ ಆಹಾರ ತಯಾರಿಸುವ ಟಿವಾಲ್ ಎಂಬ ಕಂಪನಿ ಕಟ್ಟಿತು. ಅದರಲ್ಲಿ ಉನ್ನತ ಹುದ್ದೆಯಲ್ಲಿದ್ದರು. ಮುಂದೆ ದಕ್ಷಿಣದ ಓಫಾಕಿಮ್ ಎಂಬ ಬಡ ಪಟ್ಟಣದ ಆಡಳಿತ ನಡೆಸಿದರು. 21ರ ಆ ಲೆಫ್ಟಿನೆಂಟ್ ಮಾತ್ರ ಟ್ಯಾಪ್‌ಲೈನ್ ರಸ್ತೆಯಲ್ಲೇ ನಿಂತುಬಿಟ್ಟ. ಜನ ನೆನೆಯುವುದು ಅವನನ್ನು. ಸೋಯಾ ಕಟ್ಲೆಟ್ಟಿನ ಕಾರ್ಖಾನೆಯ ಲೆಕ್ಕ ನೋಡಿದ ಮನುಷ್ಯನಿಗೆ ಮೂರನೆಯ ಪಟ್ಟಿಕೆಯಿಲ್ಲ.

ಆ ಯುದ್ಧಕ್ಕೆ 50 ವರ್ಷ ತುಂಬಿದ ಮರುದಿನ, 2023ರ ಅಕ್ಟೋಬರ್ 7ರಂದು, ಹಮಾಸ್ ದಾಳಿಯಲ್ಲಿ ಓಫಾಕಿಮ್‌ನ ಬೀದಿಗಳಲ್ಲೂ ಹೆಣ ಬಿದ್ದವು. ಆಮೇಲೆ ಗಾಜಾದಲ್ಲಿ ಸತ್ತವರು ಹತ್ತಾರು ಸಾವಿರ. ಮತ್ತೆ ಎಲ್ಲ ಕಡೆ ಸಂಖ್ಯೆಗಳು. ಅವುಗಳನ್ನು ಬಳಸಿ ವಾದ ಮಾಡುವವರ ನಡುವೆ ನಾನೂ ಕ್ಯಾಂಟೀನಿನಲ್ಲಿ ಕೂತು ವಾದ ಮಾಡಿದ್ದೇನೆ. ಎಂಟು ವರ್ಷದ ಹುಡುಗನ ಪ್ರಶ್ನೆಯನ್ನೇ ದೊಡ್ಡ ದನಿಯಲ್ಲಿ ಕೇಳುತ್ತಿದ್ದೆ ಎಂದು ಈಗ ಅನ್ನಿಸುತ್ತದೆ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಜೋಳದ ಚೀಲ ಹೊತ್ತುಕೊಂಡು ಗಿರಣಿಗೆ ಹೋದೆ. ಕರೆಂಟ್ ಇರಲಿಲ್ಲ. ಮಾಮಾ ಹೊಸ್ತಿಲ ಮೇಲೆ ಕೂತಿದ್ದ, ಹುಬ್ಬಿನ ಮೇಲೆ ಹಿಟ್ಟು. ನಾನು ಏನನ್ನೂ ಕೇಳಲಿಲ್ಲ. ಸುಮ್ಮನೆ ಜ್ವಿಕಾನ ಕಥೆ ಹೇಳಿದೆ. ಲಿಫ್ಟ್ ಕೇಳಿಕೊಂಡು ಹೋದದ್ದು, ಕತ್ತಲು, ರೇಡಿಯೋ, ಬಟ್ಟೆಗೆ ಹತ್ತಿದ ಬೆಂಕಿ, ಇನ್ನು ಆಗುವುದಿಲ್ಲ ಎಂದದ್ದು. ಟ್ಯಾಂಕುಗಳ ಸಂಖ್ಯೆ ಬಿಟ್ಟೆ. ಮಾಮಾ ಕೇಳಿಸಿಕೊಂಡ. ಎಷ್ಟು ಎಂದು ಅವನೂ ಕೇಳಲಿಲ್ಲ. ಬಹಳ ಹೊತ್ತಾದ ಮೇಲೆ ಒಂದೇ ಮಾತು ಕೇಳಿದ:

"ಆಮ್ಯಾಲ ಅವಂಗ ನಿದ್ದಿ ಬಂತೇನ?"

ನಾನು ಓದಿದ್ದರಲ್ಲಿ ಅದು ಎಲ್ಲೂ ಇರಲಿಲ್ಲ. ಉತ್ತರ ಹುಡುಕುತ್ತಿರುವಾಗಲೇ ಕರೆಂಟ್ ಬಂತು. ಮಾಮಾ ಎದ್ದು ಪಟ್ಟಾ ಹಾಕಿದ, ನನ್ನ ಚೀಲದ ಬಾಯಿ ಬಿಚ್ಚಿದ. ಗಿರಣಿಯ ಸದ್ದಿನಲ್ಲಿ ಮತ್ತೆ ಮಾತಾಡುವಂತಿರಲಿಲ್ಲ.