ಒಬ್ಬ ನಿಂತರೆ ಎಲ್ಲರೂ ನಿಲ್ಲುವುದು

ಆರಗದಲ್ಲಿ ಪ್ರತಿ ರವಿವಾರ ಬೆಳಗಿನ ಆರು ಗಂಟೆಗೆ ಸೈಕಲ್ಲು ಏರಿ ಹೊರಡುವ ಎಂಟು ಹತ್ತು ಜನ ನಾವಿದ್ದೇವೆ. ನಮ್ಮಲ್ಲಿ ಕಿರಾಣಿಯವರಿದ್ದಾರೆ, ಬಟ್ಟೆಯವರಿದ್ದಾರೆ, ಪಾತ್ರೆಯವರಿದ್ದಾರೆ, ಸಿಮೆಂಟು ಕಬ್ಬಿಣ ಮಾರುವವರೂ ಇದ್ದಾರೆ. ವಾರದ ಆರು ದಿನ ಗಾದಿಯ ಮೇಲೆ ಕುಳಿತು ಲೆಕ್ಕ ಬರೆಯುವವರು ಏಳನೆಯ ದಿನ ಸೈಕಲ್ ಸೀಟಿನ ಮೇಲೆ ಕೂಡುತ್ತೇವೆ. ವಯಸ್ಸು ಇಪ್ಪತ್ತೆರಡರಿಂದ ಅರವತ್ತೆಂಟರವರೆಗೆ. ‘ಮನ್ಯಾಗ ಎರಡು ಗಾಡಿ ನಿಂತಾವು, ಕಾರೂ ಐತಿ. ಈ ವಯಸ್ಸಿನಾಗ ನಿಮಗಿದೇನ್ರೀ ಹುಚ್ಚು?’ ಎಂದು ಮನೆಯವರು ಕೇಳುತ್ತಾರೆ. ಅವರು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಅದಕ್ಕೆ ಉತ್ತರವನ್ನು ಚಹದ ಕಪ್ಪು ಕೈಯಲ್ಲಿ ಹಿಡಿದುಕೊಂಡು ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ವ್ಯಾಪಾರಸ್ಥರ ಮನೆಗಳಲ್ಲಿ ಸೈಕಲ್ಲಿಗೆ ಮರ್ಯಾದೆಯ ಸ್ಥಾನವಿದ್ದ ಕಾಲವೊಂದಿತ್ತು. ಇಂದು ಗಾಜಿನ ಬಾಗಿಲಿನ ಮಳಿಗೆ ಇಟ್ಟಿರುವ ಅನೇಕ ಮನೆತನಗಳ ಮೊದಲ ಅಂಗಡಿಗೆ ಎರಡು ಗಾಲಿಗಳಿದ್ದವು. ಹಿಂದಿನ ಕ್ಯಾರಿಯರಿಗೆ ಸೀರೆ ಧೋತರಗಳ ಗಂಟು, ಮುಂದಿನ ನಳಿಗೆಗೆ ಕಟ್ಟಿದ ಗಜಕೋಲು, ಹ್ಯಾಂಡಲಿಗೆ ಜೋತುಬಿಟ್ಟ ಬುತ್ತಿ. ಹೀಗೆ ಸಂತೆಯಿಂದ ಸಂತೆಗೆ ಹಿರಿಯರು ತಿರುಗಿದರು. ಎತ್ತಿನ ಗಾಡಿಯಾದರೆ ಮೇವು ಬೇಕು, ಬಸ್ಸಾದರೆ ಟಿಕೀಟು ಬೇಕು. ಸೈಕಲ್ಲಿಗೆ ಬೇಕಾದದ್ದು ಗಾಳಿ. ಅದು ಪುಕ್ಕಟೆ. ನಫೆ ನುಕಸಾನಿನ ಲೆಕ್ಕ ತಿಳಿದ ಮಂದಿಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಖರ್ಚು ಇರಲೇ ಇಲ್ಲವೆಂದಲ್ಲ. ಪುರಸಭೆಗಳು ಆಗ ಸೈಕಲ್ಲಿಗೆ ತೆರಿಗೆ ಹಾಕಿ ಬಿಲ್ಲೆ ಕೊಡುತ್ತಿದ್ದವು. ಸಂಜೆ ದೀಪವಿಲ್ಲದೆ ಪೇಟೆಗೆ ಹೋದರೆ, ಡಬಲ್ ಸೀಟು ಕೂತರೆ, ಪೊಲೀಸರು ಗಾಲಿಯ ಗಾಳಿ ಬಿಡುತ್ತಿದ್ದ ಕಥೆಯನ್ನು ನಮ್ಮ ಹಿರಿಯರು ಇಂದಿಗೂ ನಗುತ್ತಾ ಹೇಳುತ್ತಾರೆ.

ಸೈಕಲ್ಲಿನಿಂದ ವ್ಯಾಪಾರ ಬೆಳೆದದ್ದಕ್ಕೆ ನಮ್ಮ ಸೀಮೆಯಲ್ಲೇ ದೊಡ್ಡ ಉದಾಹರಣೆಯಿದೆ. ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. 1888ರಲ್ಲಿ ಅವರ ಉದ್ಯೋಗ ಬೆಳಗಾವಿಯಲ್ಲಿ ಒಂದು ಸೈಕಲ್ ಅಂಗಡಿಯಾಗಿ ಆರಂಭವಾಯಿತು. ಆ ಅಂಗಡಿಯಿಂದ ಮುಂದೆ ಮೇವು ಕತ್ತರಿಸುವ ಯಂತ್ರ ಬಂತು, ಕಬ್ಬಿಣದ ನೇಗಿಲು ಬಂತು. 1910ರಲ್ಲಿ ಔಂಧ ಸಂಸ್ಥಾನದ ಬರಡು ಭೂಮಿಯಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ಅದು ಇಂದು ನಮ್ಮದೇ ಸಾಂಗಲಿ ಜಿಲ್ಲೆಯಲ್ಲಿದೆ. ಇನ್ನೊಂದು ಮೋಜಿನ ಸಂಗತಿಯೆಂದರೆ, ಬೆಲ್‌ಫಾಸ್ಟ್ ನಗರದ ಡನ್‌ಲಪ್ ಎಂಬ ಪಶುವೈದ್ಯರು ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಮಾಡಿದ ಗಾಳಿ ತುಂಬುವ ಟೈರಿಗೆ ಪೇಟೆಂಟು ಪಡೆದದ್ದೂ ಅದೇ 1888ರಲ್ಲಿ. ಅಂದರೆ ಬೆಳಗಾವಿಯ ಆ ಅಂಗಡಿಯೂ ಗಾಳಿಯ ಟೈರೂ ಒಂದೇ ವಾರಿಗೆಯವು. ಪಂಕ್ಚರಿಗೂ ಅದೇ ವಯಸ್ಸೆಂದು ಬೇರೆ ಹೇಳಬೇಕಾಗಿಲ್ಲ.

ಪಂಕ್ಚರಿನ ಮಾತು ಬಂದದ್ದರಿಂದ ನಮ್ಮ ದಾರಿಗಳನ್ನೂ ಹೇಳಿಬಿಡುತ್ತೇವೆ. ಒಂದು ವಾರ ಬೇಡಗದ ಕಡೆಗೆ, ಒಂದು ವಾರ ಬೆಳಂಕಿ, ಸಲಗರೆಯ ಕಡೆಗೆ, ಮೈಯಲ್ಲಿ ಹುರುಪಿದ್ದ ದಿನ ಗಡಿ ದಾಟಿ ಕಾಗವಾಡದವರೆಗೆ. ಬೆಳಗಿನ ಹೊತ್ತು ಎಲೆತೋಟಗಳ ಬದಿಯಲ್ಲಿ ಹೋಗುವಾಗ ಬರುವ ತಂಪು ಗಾಳಿಯ ಸುಖ ಕಾರಿನ ಗಾಜಿನೊಳಗೆ ಕೂತವರಿಗೆ ಸಿಕ್ಕುವುದಿಲ್ಲ. ಕೃಷ್ಣೆಯ ನೀರನ್ನು ಪಂಪಿನಿಂದ ಎತ್ತಿ ಮೂಡಣ ದಿಕ್ಕಿಗೆ ಹರಿಸುವ ಮ್ಹೈಸಾಳ ಯೋಜನೆ ಬಂದ ಮೇಲೆ ದ್ರಾಕ್ಷಿ, ಕಬ್ಬು ಎರಡೂ ಹೆಚ್ಚಾಗಿವೆ. ರೈಲಿನ ಹಳಿ ಅಲ್ಲಲ್ಲಿ ಜೊತೆಗೆ ಬರುತ್ತದೆ. ಮಿರಜಕ್ಕೆ 1927ರಲ್ಲಿ ಬಂದು ಮುಟ್ಟಿದ ಬಾರ್ಶಿ ಲೈಟ್ ರೈಲ್ವೆಯ ಹಳಿಗಳ ನಡುವಿನ ಅಂತರ ಬರೀ ಎರಡೂವರೆ ಅಡಿ. ಆ ಸಣ್ಣ ರೈಲಿನ ಜೊತೆಗೆ ಪಣ ಕಟ್ಟಿ ಸೈಕಲ್ಲು ಓಡಿಸಿದೆವೆಂದು ನಮ್ಮ ಗುಂಪಿನ ಹಿರಿಯರು ಹೇಳುತ್ತಾರೆ. ಗೆದ್ದವರು ಯಾರೆಂಬುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತಾ ಬಂದಿದೆ. ಈಗ ಆ ದಾರಿ ಬ್ರಾಡ್‌ಗೇಜ್ ಆಗಿರುವುದರಿಂದ ಪಣದ ಮಾತೇ ಇಲ್ಲ.

ಸುಖವಿದ್ದಲ್ಲಿ ಫಜೀತಿಯೂ ಇದ್ದೇ ಇರುತ್ತದೆ. ಜಾಲಿಮುಳ್ಳು ನಮ್ಮ ಸೀಮೆಯ ಮೊದಲನೆಯ ಶತ್ರು. ಬೇಲಿಗೆಂದು ಕಡಿದು ಒಯ್ದ ಕಂಟಿಯಿಂದ ಉದುರಿದ ಒಂದು ಮುಳ್ಳು ಸಾಕು, ಹಿಂದಿನ ಗಾಲಿ ಉಸ್ಸೆಂದು ಕೂತುಬಿಡುತ್ತದೆ. ಎರಡನೆಯದು ನಾಯಿ. ಮೋಟಾರು ಸೈಕಲ್ಲಿಗೆ ಬೊಗಳದ ನಾಯಿಗಳಿಗೆ ನಮ್ಮ ಮೇಲೆ ಯಾವ ಜನ್ಮದ ವೈರವೋ ತಿಳಿಯದು. ನಮ್ಮಲ್ಲಿ ಒಬ್ಬರು ಪ್ರತಿ ವಾರ ಬಿಸ್ಕೀಟು ಹಾಕಿ ಒಂದು ನಾಯಿಯನ್ನು ಒಲಿಸಿಕೊಂಡರು. ಈಗ ಅದು ಬೊಗಳುವುದಿಲ್ಲ, ಎರಡು ಮೈಲು ಹಿಂದೆಯೇ ಓಡಿಬರುತ್ತದೆ. ಅದನ್ನು ತಿರುಗಿ ಊರಿಗೆ ಕಳಿಸುವುದು ಇನ್ನೊಂದು ಕೆಲಸವಾಗಿದೆ. ಮೂರನೆಯದು ಧೋತರ. ಅರವತ್ತೆಂಟರ ನಮ್ಮ ಕಾಕಾ ಅವರು ಪ್ಯಾಂಟು ಹಾಕುವುದಿಲ್ಲವೆಂದು ಹಟ ಹಿಡಿದವರು. ಚೈನಿಗೆ ಸಿಕ್ಕ ಧೋತರದ ಅಂಚನ್ನು ಬಿಡಿಸಲು ಪೆಡಲನ್ನು ಹಿಂದಕ್ಕೆ ತಿರುವಬೇಕೆಂದು ಒಬ್ಬರು, ಮುಂದಕ್ಕೆಂದು ಇನ್ನೊಬ್ಬರು ವಾದಿಸುತ್ತ ನಿಂತಾಗ ಕಾಕಾ ಅವರೇ ಶಾಂತವಾಗಿ, ‘ನೀವು ಠರಾವು ಪಾಸ್ ಮಾಡ್ರಿ, ಅಲ್ಲೀತನಕ ನಾ ಇಲ್ಲೇ ನಿಂತಿರತೇನಿ’ ಎಂದರು. ಕಾರ್ಖಾನೆಯ ಹಂಗಾಮು ಆರಂಭವಾದ ಮೇಲೆ ಕಬ್ಬು ಹೇರಿದ ಟ್ರಾಲಿಗಳು ಬೇರೆ. ಅವು ಬಂದಾಗ ರಸ್ತೆ ಬಿಟ್ಟು ಕೆಳಗಿಳಿದು ನಿಲ್ಲುವುದೊಂದೇ ಉಪಾಯ.

ಈ ಫಜೀತಿಗಳ ನಡುವೆ ನಮ್ಮ ಗುಂಪಿಗೆ ಒಂದೇ ಒಂದು ನಿಯಮವಿದೆ. ಒಬ್ಬ ನಿಂತರೆ ಎಲ್ಲರೂ ನಿಲ್ಲುವುದು. ಯಾರದೇ ಗಾಲಿ ಕೂರಲಿ, ಯಾರಿಗೇ ದಮ್ಮು ಹತ್ತಲಿ, ಮುಂದಿದ್ದವರು ತಿರುಗಿ ಬರಬೇಕು. ದೂರದ ದಾರಿ ಹಿಡಿದ ದಿನ ಸಂಜೆಯ ಊಟಕ್ಕೆ ಹೊತ್ತು ಮುಳುಗುವ ಮೊದಲು ಮನೆ ಸೇರಬೇಕಾಗಿರುತ್ತದೆ. ಮನೆಯಲ್ಲಿ ಸೋಸಿ ತುಂಬಿದ ನೀರಿನ ಬಾಟಲಿ ಮುಗಿಯುತ್ತಾ ಬಂದಿರುತ್ತದೆ. ಅಂಥ ಹೊತ್ತಿನಲ್ಲಿಯೂ ಈ ನಿಯಮ ಮುರಿದದ್ದಿಲ್ಲ. ನಮ್ಮಲ್ಲಿಯ ಇಬ್ಬರು ತರುಣರು ‘ಬ್ರೆವೆ’ ಎಂಬ ದೂರದ ಸವಾರಿಗೆ ಹೋಗಿಬಂದವರು. ಫ್ರಾನ್ಸ್ ದೇಶದಲ್ಲಿ ಹುಟ್ಟಿದ ಪದ್ಧತಿ ಅದು. 200 ಕಿಲೋಮೀಟರನ್ನು ಹದಿಮೂರೂವರೆ ತಾಸಿನಲ್ಲಿ, 300ನ್ನು ಇಪ್ಪತ್ತು ತಾಸಿನಲ್ಲಿ, 600ನ್ನು ನಲವತ್ತು ತಾಸಿನಲ್ಲಿ ಮುಗಿಸಬೇಕು. ನಡುನಡುವೆ ಕಾರ್ಡಿಗೆ ಗುರುತು ಹಾಕಿಸಿಕೊಳ್ಳಬೇಕು. ಆದರೆ ಅದರಲ್ಲಿ ಮೊದಲನೆಯ ನಂಬರು, ಎರಡನೆಯ ನಂಬರು ಎಂಬುದಿಲ್ಲ. ಹೊತ್ತಿನೊಳಗೆ ಬಂದವರೆಲ್ಲ ಸಮ. ಇದನ್ನು ಕೇಳಿದ ಕಾಕಾ ಅವರು, ‘ಹಂಗಾದ್ರ ನಂಬರು ಬರೂದೂ ಇಲ್ಲ, ಹೋಗೂದೂ ಇಲ್ಲ. ಛಲೋ ಆಟ’ ಎಂದರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ.

ನಮ್ಮ ಗುಂಪಿನಲ್ಲಿ ಒಬ್ಬರು ಅಣ್ಣ, ಒಬ್ಬರು ತಮ್ಮ. ಹೆಸರು ಬೇಡ. ತಂದೆ ಸೈಕಲ್ಲಿನ ಮೇಲೆ ಬಟ್ಟೆ ಮಾರಿ ಕಟ್ಟಿದ ಅಂಗಡಿಯನ್ನು ಇಬ್ಬರೂ ಇಪ್ಪತ್ತು ವರ್ಷ ಕೂಡಿಯೇ ನಡೆಸಿದರು. ತಂದೆ ತೀರಿಕೊಂಡ ಮೇಲೆ ಪಾಲಿನ ಮಾತು ಬಂತು. ಅಂಗಡಿಯ ನಡುವೆ ಗೋಡೆ ಎದ್ದಿತು. ಗಲ್ಲಾಪೆಟ್ಟಿಗೆ, ಕಪಾಟು, ಬಾಕಿಯ ಖಾತೆ, ಕಡೆಗೆ ಫ್ಯಾನು ಸಹಿತ ಕಾಗದದ ಮೇಲೆ ಬರೆದು ಹಂಚಿದ್ದಾಯಿತು. ಗೋಡೆ ಒಂದು ಗೇಣು ಆಚೆಯೋ ಈಚೆಯೋ ಎಂಬ ಮಾತಿಗೆ ಬೇಸರ ಬೆಳೆದು ಇಬ್ಬರ ನಡುವೆ ಮಾತು ನಿಂತುಹೋಯಿತು. ಹಬ್ಬ ಹರಿದಿನಗಳಲ್ಲಿ ಒಬ್ಬರು ಬಂದ ಹೊತ್ತಿಗೆ ಇನ್ನೊಬ್ಬರು ಏಳುತ್ತಿದ್ದರು. ಮಕ್ಕಳು ಮಾತ್ರ ಗೋಡೆಯ ಎರಡೂ ಕಡೆಗೆ ಓಡಾಡುತ್ತಿದ್ದರು.

ತಂದೆಯ ಕರಿಯ ಸೈಕಲ್ಲು ಮಾತ್ರ ಯಾವ ಕಾಗದದಲ್ಲೂ ಸೇರಿರಲಿಲ್ಲ. ಗುಜರಿಯವರೂ ಅದಕ್ಕೆ ಕಿಮ್ಮತ್ತು ಕಟ್ಟುವಂತಿರಲಿಲ್ಲ. ಅದು ಅಣ್ಣನ ಪಡಸಾಲೆಯಲ್ಲಿ ಉಳಿಯಿತು. ಅದರ ಸೀಟಿನ ಹಿಂದೆ ತೂಗುತ್ತಿದ್ದ ಚರ್ಮದ ಸಣ್ಣ ಚೀಲ, ಅದರಲ್ಲಿಯ ಪಾನಾ, ಪಕ್ಕಡ, ತೇಪೆಯ ರಬ್ಬರು, ಇವು ತಮ್ಮನ ಕಡೆಯ ಗೂಟದಲ್ಲಿ ಉಳಿದವು. ಇಬ್ಬರಿಗೂ ಸೈಕಲ್ಲಿನ ಗೀಳು ತಂದೆಯಿಂದಲೇ ಬಂದದ್ದು. ರವಿವಾರ ಇಬ್ಬರೂ ಬರುತ್ತಿದ್ದರು. ಅಣ್ಣ ಸಾಲಿನ ಮುಂದೆ ಇದ್ದರೆ ತಮ್ಮ ಕಡೆಯಲ್ಲಿ. ನಡುವೆ ನಾವು. ಎರಡು ವರ್ಷ ಹೀಗೆಯೇ ನಡೆಯಿತು. ಬುದ್ಧಿ ಹೇಳಲು ಹೋದ ಹಿರಿಯರೆಲ್ಲ ಚಹ ಕುಡಿದು ಮರಳಿ ಬಂದದ್ದಷ್ಟೇ.

ಒಂದು ದಿನ ಸಲಗರೆಯ ಕಡೆಯಿಂದ ತಿರುಗಿ ಬರುವಾಗ ಅಣ್ಣನ ಸೈಕಲ್ಲಿನ ಚೈನ್ ಲಾಕು ಹಾರಿಹೋಯಿತು. ಚೈನು ಹಾವಿನಂತೆ ದಾರಿಯ ಮೇಲೆ ಬಿತ್ತು. ನಿಯಮದಂತೆ ಎಲ್ಲರೂ ನಿಂತೆವು. ಉಗುರಿನಷ್ಟು ಸಣ್ಣ ಲಾಕನ್ನು ಧೂಳಿನಲ್ಲಿ ಹುಡುಕಿದೆವು. ಸಿಗಲಿಲ್ಲ. ಹೊಸ ಗೇರಿನ ಸೈಕಲ್ಲಿನವರ ಬಳಿ ಇದ್ದ ಸಾಮಾನು ಆ ಹಳೆಯ ದಪ್ಪ ಚೈನಿಗೆ ಹೊಂದುವಂತಿರಲಿಲ್ಲ. ಹತ್ತು ನಿಮಿಷ ಯಾರೂ ಏನೂ ಹೇಳಲಿಲ್ಲ. ಆಗ ತಮ್ಮ ತನ್ನ ಸೈಕಲ್ಲಿಗೆ ಕಟ್ಟಿದ್ದ ಚರ್ಮದ ಚೀಲ ಬಿಚ್ಚಿದ. ತಂದೆ ಕಾಗದದಲ್ಲಿ ಸುತ್ತಿ ಇಟ್ಟಿದ್ದ ಎರಡು ಚೈನ್ ಲಾಕು ಅದರೊಳಗಿದ್ದವು. ಅಣ್ಣನ ಮುಖ ನೋಡದೆ ದಾರಿಯ ಮೇಲೆ ಕೂತು ಚೈನು ಕೂಡಿಸಿದ. ಅಣ್ಣ ಸೈಕಲ್ಲನ್ನು ಹಿಡಿದು ನಿಂತಿದ್ದರು. ಪೆಡಲು ತಿರುವಿ ನೋಡಿದ್ದಾಯಿತು. ತಮ್ಮ ಎದ್ದು ಕೈಯ ಎಣ್ಣೆ ಒರೆಸಿಕೊಂಡು ತನ್ನ ಸೈಕಲ್ಲು ಹತ್ತಲು ಹೋದಾಗ ಅಣ್ಣ, ‘ನಿನ್ನ ಹಿಂದಿನ ಗಾಲ್ಯಾಗ ಗಾಳಿ ಕಡಿಮಿ ಐತಿ ನೋಡೋ’ ಎಂದರು. ತಮ್ಮ ಬಗ್ಗಿ ಒತ್ತಿ ನೋಡಿ, ‘ಹೂಂ ಅಣ್ಣಾ, ಬೇಡಗದಾಗ ಹೊಡಿಸ್ತೇನಿ’ ಎಂದ. ಎರಡು ವರ್ಷಗಳಲ್ಲಿ ಅವರಿಬ್ಬರ ನಡುವೆ ನಡೆದ ಮೊದಲನೆಯ ಮಾತು ಅದು. ಹಿಂದಿರುಗುವ ದಾರಿ ಬೇಡಗಕ್ಕೆ ಹೋಗುವುದೇ ಇಲ್ಲ. ಅದನ್ನು ತಿದ್ದುವ ಗೋಜಿಗೆ ನಮ್ಮಲ್ಲಿ ಯಾರೂ ಹೋಗಲಿಲ್ಲ.

ಓದುಗರು ಇದನ್ನು ಸಿನೇಮಾ ಕಥೆಯಂತೆ ತಿಳಿಯಬಾರದು. ಗೋಡೆ ಇದ್ದಲ್ಲಿಯೇ ಇದೆ. ಒಂದು ಗೇಣಿನ ಮಾತೂ ತೀರಿಲ್ಲ. ಚೀಲವನ್ನು ಅಣ್ಣ ಕೇಳಿಲ್ಲ, ತಮ್ಮ ಕೊಟ್ಟಿಲ್ಲ. ಸೈಕಲ್ಲು ಒಬ್ಬರಲ್ಲಿ, ಸಲಕರಣೆ ಇನ್ನೊಬ್ಬರಲ್ಲಿ ಇರುವುದರಿಂದ ಇಬ್ಬರೂ ಒಟ್ಟಿಗೆ ಹೊರಡಬೇಕಾಗುತ್ತದೆ ಅಷ್ಟೆ. ಆದರೆ ಈ ದೀಪಾವಳಿಗೆ ಅಣ್ಣನ ಮನೆಯ ಫರಾಳದ ಡಬ್ಬಿ ತಮ್ಮನ ಮನೆಗೆ ಹೋಯಿತು, ಡಬ್ಬಿ ಬರಿದಾಗಿ ಮರಳಲಿಲ್ಲ ಎಂದು ಮನೆಯ ಹೆಣ್ಣುಮಕ್ಕಳಿಂದ ನಮಗೆ ತಿಳಿದಿದೆ.

ಕಾರು ಕೆಟ್ಟರೆ ಫೋನು ಮಾಡುತ್ತೇವೆ, ಗ್ಯಾರೇಜಿನವರು ಬರುತ್ತಾರೆ, ಬಿಲ್ಲು ಕೊಟ್ಟು ಮುಗಿಸುತ್ತೇವೆ. ಸೈಕಲ್ಲು ಕೆಟ್ಟರೆ ಪಕ್ಕದವನ ಕೈ ಬೇಕು. ಹುಟ್ಟಿದಂದಿನಿಂದಲೂ ಅದು ಹಾಗೆಯೇ. ಸೈಕಲ್ಲು ಕಲಿಯುವಾಗ ಸೀಟಿನ ಹಿಂದೆ ಹಿಡಿದು ಓಡಿದವರೊಬ್ಬರು ಎಲ್ಲರಿಗೂ ಇರುತ್ತಾರೆ. ಇಂದು ನಮ್ಮ ಮನೆಗಳಲ್ಲಿ ಮಗ ಹತ್ತನೆಯ ಇಯತ್ತೆ ಮುಗಿಸುವ ಮೊದಲೇ ಸ್ಕೂಟರಿನ ಕೀಲಿ ಕೈಗೆ ಬರುತ್ತಿದೆ. ಲೈಸನ್ಸಿಲ್ಲದ ಹುಡುಗ ಮಿರಜದ ದಟ್ಟಣೆಯಲ್ಲಿ ಹೋಗುತ್ತಾನೆ, ತಾಯಿ ಮರಳಿ ಬರುವವರೆಗೆ ಬಾಗಿಲಲ್ಲಿ ನಿಲ್ಲುತ್ತಾಳೆ. ಗಡಿಯಾಚೆ ಕರ್ನಾಟಕ ಸರಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡಲು ಆರಂಭಿಸಿದಾಗ, ಊರಲ್ಲಿ ಹೈಸ್ಕೂಲಿಲ್ಲದ ಎಷ್ಟೋ ಹುಡುಗಿಯರಿಗೆ ಅದು ಮುಂದಿನ ಮೂರು ವರ್ಷದ ಓದಾಗಿ ಒದಗಿತು. ವಿಜಯಪುರ, ಬಾಗಲಕೋಟೆ ಕಡೆಯ ಸಣ್ಣ ಊರುಗಳ ಹುಡುಗ ಹುಡುಗಿಯರು ಸೈಕಲ್ ಸ್ಪರ್ಧೆಗಳಲ್ಲಿ ರಾಷ್ಟ್ರಮಟ್ಟದ ಪದಕ ತರುತ್ತಾರೆ. ಸೈಕಲ್ಲು ಬಡತನದ ಗುರುತೆಂದು ನಾಚುವ ಕಾರಣವೇನೂ ಕಾಣದು.

ನಮ್ಮ ಮನೆಯವರ ಪ್ರಶ್ನೆಗೆ ನಮ್ಮ ಉತ್ತರ ಇಷ್ಟೇ. ವಾರದ ಆರು ದಿನ ಪೇಟೆಯಲ್ಲಿ ಒಬ್ಬರಿಗಿಂತ ಒಬ್ಬರು ಮುಂದೆ ಹೋಗುವ ಧಾವಂತ ಇದ್ದೇ ಇದೆ. ಇನ್ನೊಬ್ಬನಿಗಾಗಿ ನಿಲ್ಲುವ ರೂಢಿ ತಪ್ಪಿಹೋಗದಿರಲೆಂದು ಏಳನೆಯ ದಿನ ಹೊರಡುತ್ತೇವೆ. ನಿಮ್ಮ ಮನೆಯ ಹಿತ್ತಲಲ್ಲೋ ಅಟ್ಟದ ಮೇಲೋ ಅಜ್ಜನ ಸೈಕಲ್ಲು ಇದ್ದರೆ ಗುಜರಿಗೆ ಹಾಕುವ ಮೊದಲು ಒಮ್ಮೆ ಇಳಿಸಿ ನೋಡಿರಿ. ಟ್ಯೂಬು ಹೊಸದು ಹಾಕಿಸಿ, ಚೈನಿಗೆ ಎರಡು ಹನಿ ಎಣ್ಣೆ ಬಿಡಿರಿ. ಚೀಲದಲ್ಲಿ ಒಂದು ಚೈನ್ ಲಾಕು ಹೆಚ್ಚಿಗೆ ಇರಲಿ. ಅದು ಯಾರಿಗೆ ಬೇಕಾಗುವುದೋ ಹೇಳಲು ಬರುವುದಿಲ್ಲ.