ಬಿಡುಗಡೆಯ ಪತ್ರ ಮತ್ತು ಸತ್ಯಾಣುವ್ರತ

ಸಾಲ ತೀರಿಸಿದ ಮೇಲೆ ತಾನು ಬರೆದುಕೊಟ್ಟ ಚೀಟಿಯನ್ನು ಮರಳಿ ಪಡೆಯದೆ ಮನೆಗೆ ಬಂದವನನ್ನು ಪೇಟೆಯಲ್ಲಿ ಯಾರೂ ಜಾಣನೆನ್ನುವುದಿಲ್ಲ. ಹಣ ಸಂದದ್ದು ಕೊಟ್ಟವನಿಗೂ ಪಡೆದವನಿಗೂ ಗೊತ್ತಿರಬಹುದು. ಆದರೆ ಖಾತೆಯಲ್ಲಿ ಚುಕ್ತಾ ಎಂದು ಬರೆದು ರಶೀದಿ ಕೊಡುವವರೆಗೆ ಮೂರನೆಯವನ ಕಣ್ಣಿಗೆ ಬಾಕಿಯು ಬಾಕಿಯೇ ಸರಿ. ವ್ಯವಹಾರದಲ್ಲಿ ಇಷ್ಟು ಎಚ್ಚರ ವಹಿಸುವ ಜೈನ ಸಮಾಜವು ಮುರಿದುಬಿದ್ದ ವಿವಾಹ ಸಂಬಂಧದ ವಿಷಯದಲ್ಲಿ ಆ ಎಚ್ಚರವನ್ನು ಏಕೆ ಮರೆಯುತ್ತದೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಘಟಪ್ರಭೆಯ ದಂಡೆಗುಂಟ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕುಗಳ ಶ್ರಾವಕ ಕುಟುಂಬಗಳು ತಲೆತಲಾಂತರದಿಂದ ಪರಸ್ಪರ ಕೊಟ್ಟು ತಂದುಕೊಂಡು ಬಾಳಿವೆ. ಇಂಥ ಸಂಬಂಧವೊಂದು ಕೂಡಿಬರದೆ ಹೋದಾಗ ನ್ಯಾಯಾಲಯದ ಮೆಟ್ಟಿಲೇರುವುದು ಮನೆತನಕ್ಕೆ ಅಗೌರವವೆಂಬ ಭಾವನೆ ಇನ್ನೂ ಅಳಿದಿಲ್ಲ. ಹಿರಿಯರು ಬಸದಿಯ ಸಭಾಮಂಟಪದಲ್ಲಿ ಕೂಡುತ್ತಾರೆ; ಒಡವೆ ವಸ್ತು ಅವರವರಿಗೆ ಮರಳುತ್ತವೆ; ಛಾಪಾ ಕಾಗದದ ಮೇಲೆ ಸೋಡಚಿಟ್ಟಿ ಬರೆದು ಐವರು ಪಂಚರು ಸಹಿ ಹಾಕುತ್ತಾರೆ. ಇದರ ಹಿಂದಿನ ಉದ್ದೇಶ ಕೆಟ್ಟದ್ದಲ್ಲ. ಜಗಳ ಬೆಳೆಯದಿರಲಿ, ಹುಡುಗಿಯ ಹೆಸರು ಬೀದಿಗೆ ಬಾರದಿರಲಿ ಎಂಬುದೇ ಅವರ ಆಶಯ. ಆದರೆ ಆ ಕಾಗದಕ್ಕೆ ಊರಿನ ಗಡಿ ದಾಟುವ ಶಕ್ತಿ ಇಲ್ಲವೆಂಬುದು ಗೊತ್ತಾಗುವ ಹೊತ್ತಿಗೆ ಅನೇಕ ವರ್ಷಗಳು ಕಳೆದಿರುತ್ತವೆ.

ಗೋಕಾಕದ ಅಡತಿ ವ್ಯಾಪಾರಿಯೊಬ್ಬರ ಮನೆಯಲ್ಲಿ ನಡೆದದ್ದೂ ಹೀಗೆಯೇ. ಅವರ ಮಗಳನ್ನು ಹುಕ್ಕೇರಿ ತಾಲೂಕಿನ ಒಂದು ಮನೆತನಕ್ಕೆ ಕೊಡಲಾಗಿತ್ತು. ಒಂದೂವರೆ ವರ್ಷದಲ್ಲಿ ಸಂಬಂಧ ಮುರಿಯಿತು, ಸೋಡಚಿಟ್ಟಿಯಾಯಿತು. ಹುಡುಗಿ ಓದು ಮುಂದುವರಿಸಿ ಬೆಂಗಳೂರಿನಲ್ಲಿ ನೌಕರಿ ಹಿಡಿದಳು. ಆರು ವರ್ಷಗಳ ತರುವಾಯ ಮೂಡಲಗಿಯ ಸಜ್ಜನ ಕುಟುಂಬದಿಂದ ಸಂಬಂಧ ಕೇಳಿಬಂತು. ವರನು ಆಸ್ಟ್ರೇಲಿಯಾದ ಶಾಶ್ವತ ನಿವಾಸಿ. ಅವಳ ಪೂರ್ವವೃತ್ತಾಂತವನ್ನೆಲ್ಲ ತಿಳಿದೇ ಅವನು ಒಪ್ಪಿದ್ದ. ನಿಶ್ಚಿತಾರ್ಥವಾಗಿ ಮದುವೆಯ ದಿನವೂ ಗೊತ್ತಾಯಿತು. ಸಂಗಾತಿ ವೀಸಾಕ್ಕೆ ಬೇಕಾದ ಕಾಗದಗಳ ಪಟ್ಟಿಯನ್ನು ಅವನು ಕಳಿಸಿದಾಗ, ಹಿಂದಿನ ವಿವಾಹವಿದ್ದರೆ ಅದು ಕಾನೂನಿನಂತೆ ಕೊನೆಗೊಂಡಿತೆಂಬ ದಾಖಲೆ ಬೇಕೆಂದು ಅದರಲ್ಲಿತ್ತು. ತಂದೆ ಕಪಾಟಿನಿಂದ ಆ ಛಾಪಾ ಕಾಗದವನ್ನು ತೆಗೆದರು.

ಬಂಧುಗಳು ಮೂರು ದಾರಿ ತೋರಿಸಿದರು. ಹಿಂದೆ ಮದುವೆಯಾಗಿತ್ತೇ ಎಂಬ ಪ್ರಶ್ನೆಗೆ ಇಲ್ಲವೆಂದು ಬರೆಯುವುದು ಒಂದು. ಹೇಗೂ ಮೊದಲ ಮದುವೆಯ ನೋಂದಣಿಯೇ ಆಗಿರಲಿಲ್ಲ. ಸೋಡಚಿಟ್ಟಿಯನ್ನೇ ಇಂಗ್ಲಿಷಿಗೆ ಅನುವಾದ ಮಾಡಿಸಿ ಕಳಿಸುವುದು ಎರಡನೆಯದು. ಹುಡುಗಿಯ ಸೋದರಮಾವನ ಸಲಹೆ ಮೂರನೆಯದು: ಹಿಂದಿನ ತಾರೀಖು ಹಾಕಿ, ಈಕೆ ಅವಿವಾಹಿತೆ ಎಂದು ಬಸದಿಯ ಟ್ರಸ್ಟಿನಿಂದ ಒಂದು ಪತ್ರ ಪಡೆಯುವುದು. ಟ್ರಸ್ಟಿನ ಅಧ್ಯಕ್ಷರು ಅದಕ್ಕೆ ಒಪ್ಪಲಿಲ್ಲ. ಹುಡುಗಿ ತಂದೆಗೆ ಹೇಳಿದ್ದು ಒಂದೇ ಮಾತು: “ಅಪ್ಪಾ, ಸುಳ್ಳು ಬರದು ಹ್ವಾದ್ರ ಅಲ್ಲಿ ಹ್ವಾದ ಮ್ಯಾಲೂ ದಿನಾ ಅಂಜಿ ಬದುಕಬೇಕು.”

ವಕೀಲರನ್ನು ಕಂಡಾಗ ವಿಷಯದ ನಿಜವಾದ ಭಾರ ತಿಳಿಯಿತು. ಕೊರತೆ ಇದ್ದದ್ದು ಬರಿಯ ವೀಸಾದ ಕಾಗದದ್ದಲ್ಲ. 1955ರ ಹಿಂದೂ ವಿವಾಹ ಅಧಿನಿಯಮದ 2ನೆಯ ಕಲಮು ಜೈನರನ್ನು ಹೆಸರಿಸಿಯೇ ಒಳಗೊಳ್ಳುತ್ತದೆ. 5ನೆಯ ಕಲಮಿನಂತೆ ವಿವಾಹ ಕಾಲಕ್ಕೆ ಇಬ್ಬರಲ್ಲಿ ಯಾರಿಗೂ ಜೀವಂತ ಪತಿ ಅಥವಾ ಪತ್ನಿ ಇರಕೂಡದು. ಇದ್ದರೆ 11ನೆಯ ಕಲಮಿನಂತೆ ಆ ವಿವಾಹವೇ ಶೂನ್ಯ. 29ನೆಯ ಕಲಮು ರೂಢಿಯ ವಿಚ್ಛೇದನವನ್ನು ಉಳಿಸಿದೆ ನಿಜ. ಆದರೆ ಕರ್ನಾಟಕದಿಂದ ಹೋದ ಒಂದು ಮೇಲ್ಮನವಿಯಲ್ಲಿ 2002ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಇಂಥ ರೂಢಿ ಸಾಮಾನ್ಯ ಕಾನೂನಿಗೆ ಅಪವಾದವಾದುದರಿಂದ ಅದನ್ನು ವಿಶೇಷವಾಗಿ ವಾದಿಸಿ ಸಾಕ್ಷ್ಯದಿಂದ ಸಿದ್ಧಪಡಿಸಬೇಕೆಂದು ಸ್ಪಷ್ಟಪಡಿಸಿತು. ಪಂಚರ ಸಹಿಯೊಂದೇ ರೂಢಿಗೆ ಪುರಾವೆಯಾಗದು. ಆದ್ದರಿಂದ ಗೊತ್ತಾದ ದಿನ ಆ ಮದುವೆ ನಡೆದಿದ್ದರೆ, ಮಂತ್ರಘೋಷವೂ ಅಕ್ಷತೆಯೂ ನೋಂದಣಿಯೂ ಇದ್ದೂ ಅದು ಕಾನೂನಿನ ಕಣ್ಣಿನಲ್ಲಿ ನಿಲ್ಲುವುದು ಕಷ್ಟವಾಗುತ್ತಿತ್ತು.

2014ರಲ್ಲಿ ಜೈನರಿಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಮಾನ್ಯತೆ ದೊರೆತುದರಿಂದ ಈ ಅಧಿನಿಯಮ ಈಗ ತಮಗೆ ಅನ್ವಯಿಸದೆಂದು ಕೆಲವರು ತಿಳಿದಿದ್ದಾರೆ. 2025ರ ಫೆಬ್ರವರಿಯಲ್ಲಿ ಇಂದೂರಿನ ಕುಟುಂಬ ನ್ಯಾಯಾಲಯವೊಂದು ಇದೇ ಕಾರಣ ಕೊಟ್ಟು ಜೈನ ದಂಪತಿಗಳ ಅರ್ಜಿಯನ್ನು ತಳ್ಳಿಹಾಕಿತ್ತು. ಮಾರ್ಚ್ ತಿಂಗಳಲ್ಲಿ ಮಧ್ಯಪ್ರದೇಶದ ಉಚ್ಚ ನ್ಯಾಯಾಲಯವು ಆ ಆದೇಶವನ್ನು ರದ್ದುಪಡಿಸಿ, ಅಧಿನಿಯಮವು ಜೈನರಿಗೆ ಅನ್ವಯಿಸುತ್ತದೆಂದು ಹೇಳಿತು. ಇನ್ನು ನ್ಯಾಯಾಲಯದ ವಿಚ್ಛೇದನವು ಈ ಭಾಗಕ್ಕೆ ಹೊಸದೂ ಅಲ್ಲ. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗಲೇ 1947ರ ಮುಂಬಯಿ ಹಿಂದೂ ವಿಚ್ಛೇದನ ಕಾಯಿದೆ ಬಂದಿತ್ತು. 1955ರ ಅಧಿನಿಯಮ ಅದರ ಸ್ಥಾನವನ್ನು ಪಡೆಯಿತು.

ವಕೀಲರ ಮಾತಿನಂತೆ ಉಳಿದ ನೇರ ದಾರಿ ಪರಸ್ಪರ ಸಮ್ಮತಿಯ ವಿಚ್ಛೇದನ. 1976ರಲ್ಲಿ ಸೇರಿಸಲಾದ 13ಬಿ ಕಲಮು ಅದಕ್ಕೆ ಅವಕಾಶ ಕೊಡುತ್ತದೆ. ಆದರೆ ಅದಕ್ಕೆ ಎರಡು ಸಹಿ ಬೇಕು. ಹೀಗಾಗಿ ತಂದೆ ಆರು ವರ್ಷಗಳಿಂದ ಮೆಟ್ಟದ ಹೊಸ್ತಿಲನ್ನು ಮೆಟ್ಟಿ ಹುಕ್ಕೇರಿಯ ಆ ಮನೆಗೆ ಹೋದರು. ಬೀಗರೆಂದು ಕರೆಯಬೇಕೋ ಬೇಡವೋ ಎಂಬ ಸಂಕೋಚ ಅವರಿಗೆ. ಮನೆಯ ಹಿರಿಯರೇ ನೀರು ಕೊಟ್ಟು, “ಬರ್ರಿ ಬೀಗರ, ಕೂಡ್ರಿ” ಎಂದು ಬರಮಾಡಿಕೊಂಡರು. ವಿಷಯ ತಿಳಿದು ಬಹಳ ಹೊತ್ತು ಸುಮ್ಮನಿದ್ದರು. ಅವರ ಮಗನಿಗೂ ಹೆಣ್ಣು ನೋಡುವುದು ನಡೆದಿತ್ತು. ಹೆಣ್ಣಿನವರಿಗೆ ಇದೇ ಸೋಡಚಿಟ್ಟಿಯ ಪ್ರತಿಯನ್ನು ತೋರಿಸಲಾಗಿತ್ತು. “ಆ ಕಾಗದದಾಗ ನಮ್ಮ ಸಹಿ ಅದಾವು, ಸರಕಾರದ ಸಹಿ ಇಲ್ಲ. ಇನ್ನೊಬ್ಬರ ಮಗಳನ್ನ ಅದರ ಮ್ಯಾಲ ತರಬಾರದು” ಎಂದು ಅವರು ಒಪ್ಪಿಕೊಂಡರು. ಒಂದು ಮನೆಯ ಸತ್ಯವು ಹೀಗೆ ಮುಖವನ್ನೇ ಕಾಣದ ಮೂರನೆಯ ಮನೆಯ ಹೆಣ್ಣುಮಗಳನ್ನೂ ಕಾಪಾಡಿತು.

ಮೂಡಲಗಿಯವರಿಗೆ ಮದುವೆಯನ್ನು ಮುಂದೂಡಬೇಕೆಂದು ತಿಳಿಸುವುದು ಇದಕ್ಕಿಂತ ಕಠಿನವಾಗಿತ್ತು. ಕಲ್ಯಾಣ ಮಂಟಪಕ್ಕೆ ಮುಂಗಡ ಸಂದಿತ್ತು, ಲಗ್ನಪತ್ರಿಕೆ ಅಚ್ಚಾಗಿತ್ತು. ವರನ ತಾಯಿ, “ತಡಾ ಆದ್ರ ಆಗಲಿ, ನೆಟ್ಟಗಾಗಲಿ” ಎಂದುಬಿಟ್ಟರು. ಊರಿನಲ್ಲಿ ಹತ್ತು ಬಗೆಯ ಮಾತು ಹುಟ್ಟಿದವು. ಎರಡೂ ಮನೆಯವರು ಅವಕ್ಕೆ ಉತ್ತರ ಕೊಡಲು ಹೋಗಲಿಲ್ಲ.

ಇಂಥ ಅರ್ಜಿಯನ್ನು ಮದುವೆ ನಡೆದ ಸ್ಥಳದ, ದಂಪತಿಗಳು ಕಡೆಯದಾಗಿ ಕೂಡಿ ಬಾಳಿದ ಸ್ಥಳದ ಅಥವಾ ಅರ್ಜಿದಾರಳಾದ ಪತ್ನಿ ವಾಸಿಸುವ ಸ್ಥಳದ ವ್ಯಾಪ್ತಿಯುಳ್ಳ ನ್ಯಾಯಾಲಯದಲ್ಲಿ ಸಲ್ಲಿಸಬಹುದು. ಕನಿಷ್ಠ ಒಂದು ವರ್ಷ ಬೇರೆಯಾಗಿ ಬಾಳಿರಬೇಕು. ಅರ್ಜಿಯ ತರುವಾಯ ಆರು ತಿಂಗಳು ಕಾಯಬೇಕೆಂಬುದು ನಿಯಮ. ಆದರೆ ಬಹುಕಾಲದಿಂದ ದೂರವಿದ್ದು, ಕೂಡಿಸುವ ಯತ್ನ ವಿಫಲವಾಗಿ, ಜೀವನಾಂಶ ಮೊದಲಾದವು ಇತ್ಯರ್ಥವಾಗಿದ್ದರೆ ನ್ಯಾಯಾಲಯವು ಈ ಅವಧಿಯನ್ನು ಬಿಟ್ಟುಕೊಡಬಹುದೆಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದೆ. ಪ್ರತಿವಾದ ನಡೆದು ಬಂದ ತೀರ್ಪಾದರೆ ಮೇಲ್ಮನವಿಯ 90 ದಿನಗಳ ಅವಧಿ ಮುಗಿಯುವ ಮೊದಲು ಮರುವಿವಾಹ ಸಲ್ಲದು. ಡಿಕ್ರಿಯ ಒಂದು ಪ್ರತಿಯನ್ನು ಉಭಯರಿಗೂ ಶುಲ್ಕವಿಲ್ಲದೆ ಕೊಡಬೇಕೆಂದು 23ನೆಯ ಕಲಮು ವಿಧಿಸುತ್ತದೆ. ಭಾರತದಲ್ಲಿ ವಿಚ್ಛೇದನ ಪ್ರಮಾಣಪತ್ರವೆಂಬ ಬೇರೆ ಕಾಗದವಿಲ್ಲ. ನ್ಯಾಯಾಲಯದ ಮುದ್ರೆಯುಳ್ಳ ಡಿಕ್ರಿಯ ದೃಢೀಕೃತ ನಕಲೇ ಪುರಾವೆ.

ಇನ್ನೊಂದು ತೊಡಕು ಈ ಭಾಗಕ್ಕೇ ವಿಶಿಷ್ಟವಾದುದು. ಮದುವೆಯಲ್ಲಿ ಸೊಸೆಗೆ ಹೊಸ ಹೆಸರಿಡುವ ಪದ್ಧತಿ ಅನೇಕ ಮನೆಗಳಲ್ಲಿದೆ. ಸೋಡಚಿಟ್ಟಿಯಲ್ಲಿದ್ದುದು ಗಂಡನ ಮನೆಯ ಹೆಸರು, ಪಾಸ್‌ಪೋರ್ಟಿನಲ್ಲಿದ್ದುದು ತವರಿನ ಹೆಸರು. ಅಧಿಕಾರಿಯ ಕಣ್ಣಿಗೆ ಇವರು ಇಬ್ಬರು ಸ್ತ್ರೀಯರು. ವಕೀಲರು ಅರ್ಜಿಯಲ್ಲಿಯೇ ಪಾಸ್‌ಪೋರ್ಟಿನ ಹೆಸರು ಬರೆದು, ಮುಂದೆ ಉರ್ಫ್ ಎಂದು ಇನ್ನೊಂದನ್ನು ಸೇರಿಸಿದ್ದರಿಂದ ಡಿಕ್ರಿಯಲ್ಲಿ ಎರಡೂ ಬಂದವು. ಕನ್ನಡದ ಆದೇಶಕ್ಕೆ ಇಂಗ್ಲಿಷ್ ಅನುವಾದ ಬೇಕು. ಅನುವಾದಕನ ಪೂರ್ಣ ಹೆಸರು, ವಿಳಾಸ, ಅರ್ಹತೆಗಳು ಅದರೊಡನಿರಬೇಕು. ಕೆಲವೆಡೆ ಅಪೊಸ್ಟಿಲ್ ಮುದ್ರೆಯನ್ನು ಕೇಳಿದರೆ, 2005ರಿಂದ ಭಾರತ ಆ ಒಪ್ಪಂದದಲ್ಲಿರುವುದರಿಂದ ವಿದೇಶಾಂಗ ಸಚಿವಾಲಯದ ಮೂಲಕ ಅದನ್ನು ಪಡೆಯಬಹುದು. ಏಳು ತಿಂಗಳು ತಡವಾಗಿ ಮದುವೆ ನಡೆಯಿತು. ಅರ್ಜಿಯಲ್ಲಿ ಹಿಂದಿನ ವಿವಾಹವನ್ನೂ ಅದರ ಮುಕ್ತಾಯವನ್ನೂ ಇದ್ದುದು ಇದ್ದಂತೆಯೇ ಬರೆಯಲಾಯಿತು.

ಸುಳ್ಳು ಬರೆದಿದ್ದರೆ ಏನಾಗುತ್ತಿತ್ತು? ಸುಳ್ಳು ಮಾಹಿತಿ ಅಥವಾ ಕೃತಕ ದಾಖಲೆಯ ಕಾರಣದಿಂದ ಅರ್ಜಿ ತಿರಸ್ಕೃತವಾದರೆ ಆಸ್ಟ್ರೇಲಿಯಾದ ನಿಯಮದಂತೆ ಸಾಮಾನ್ಯವಾಗಿ 3 ವರ್ಷ ವೀಸಾ ದೊರೆಯದು. ಬ್ರಿಟನ್‌ನಲ್ಲಿ ವಂಚನೆಗೆ 10 ವರ್ಷಗಳವರೆಗೆ ಬಾಗಿಲು ಮುಚ್ಚಬಹುದು. ಆದರೆ ಶ್ರಾವಕನು ದಂಡದ ಭಯದಿಂದ ಮಾತ್ರ ಸತ್ಯ ಹೇಳುವವನಾಗಬಾರದು. ತತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು, ಎಂದರೆ ಸುಳ್ಳು ಪತ್ರ ಬರೆಯುವುದನ್ನು, ಹೆಸರಿಸಿ ಹೇಳಿದೆ. ಹಿಂದಿನ ತಾರೀಖಿನ ಪತ್ರ ಅದಲ್ಲದೆ ಮತ್ತೇನು? ಅದೇ ಪಟ್ಟಿಯಲ್ಲಿ ರಹೋಭ್ಯಾಖ್ಯಾನವೂ ಇದೆ. ಸ್ತ್ರೀಪುರುಷರ ಏಕಾಂತದ ಸಂಗತಿಯನ್ನು ಹೊರಗೆಡಹುವುದು ಅದರ ಅರ್ಥ. ಕೇಳುವ ಅಧಿಕಾರವುಳ್ಳವರಿಗೆ ನಿಜ ಹೇಳಬೇಕು, ಅಧಿಕಾರವಿಲ್ಲದವರ ಮುಂದೆ ಪರರ ಸಂಸಾರವನ್ನು ಆಡಿಕೊಳ್ಳಬಾರದು. ಜನ ಆಡಿಕೊಳ್ಳುವುದನ್ನು ಬಿಟ್ಟರೆ ಕುಟುಂಬಗಳಿಗೆ ಮುಚ್ಚಿಡುವ ಅಗತ್ಯವೂ ಬಹುಮಟ್ಟಿಗೆ ತಪ್ಪುತ್ತದೆ.

ಬಸದಿಗಳ ಟ್ರಸ್ಟಿಗೆ ಇದರಲ್ಲಿ ಮಹತ್ವದ ಪಾತ್ರವಿದೆ. ಕಲ್ಲೋಳಿಯಲ್ಲಿ ಹದಿಮೂರನೆಯ ಶತಮಾನದ ಆರಂಭದಲ್ಲಿ ರಟ್ಟರ ಕಾಲದ ಹಿರಿಯರು ಜಿನಾಲಯಕ್ಕೆ ಕೊಟ್ಟ ದಾನವನ್ನು ಕಲ್ಲಿನಲ್ಲಿ ಕೊರೆಸಿಟ್ಟರು, ಮುಂದಿನವರಿಗೆ ಸಂದೇಹ ಉಳಿಯದಿರಲೆಂದು. ಪಂಚರು ಸಂಧಾನ ಮಾಡಲಿ, ಒಡವೆ ವಸ್ತುಗಳನ್ನು ನ್ಯಾಯವಾಗಿ ಹಂಚಲಿ. ಆದರೆ ಸಭೆ ಏಳುವ ಮೊದಲು ಎರಡೂ ಕಡೆಯವರನ್ನು 13ಬಿ ಅರ್ಜಿಗೆ ಒಪ್ಪಿಸಿ ವಕೀಲರಲ್ಲಿಗೆ ಕಳಿಸಲಿ. ಮರುವಿವಾಹಕ್ಕೆ ಮಂಟಪ ಕೊಡುವಾಗ ಡಿಕ್ರಿಯ ನಕಲನ್ನು ಕೇಳಲಿ. ಪ್ರತಿ ಮದುವೆಯೂ ಉಪನೋಂದಣಾಧಿಕಾರಿಗಳಲ್ಲಿ ದಾಖಲಾಗುವಂತೆ ನೋಡಿಕೊಳ್ಳಲಿ. ಹಳೆಯ ಸೋಡಚಿಟ್ಟಿಯನ್ನೇ ನಂಬಿ ಕುಳಿತ ಹೆಣ್ಣುಮಕ್ಕಳು ಊರಲ್ಲಿದ್ದರೆ, ಅವರಿಗೆ ಹೊಸ ಸಂಬಂಧ ಕೇಳಿಬರುವ ಮೊದಲೇ ಈ ಕೆಲಸ ಮುಗಿಯಲಿ. ಇದಕ್ಕೆ ತಗಲುವುದು ಕೆಲವು ತಿಂಗಳು ಮತ್ತು ಸ್ವಲ್ಪ ಸಂಕೋಚ ಮಾತ್ರ.