ಕೆರೆ ಬೇಡಲಿಲ್ಲ

ಠಾಣೆಯ ಮಾಸುಂದಾ ತಲಾವಿನ ದಂಡೆಯಲ್ಲಿ ಸಂಜೆಯ ಹೊತ್ತು ಕುಳಿತವರಿಗೆ ದೆವ್ವದ ನೆನಪು ಬರಲಾರದು. ಒಂದು ಮಗ್ಗುಲಿಗೆ ಕೌಪೀನೇಶ್ವರನ ಗುಡಿಯ ಗಂಟೆ, ಹತ್ತಿರದಲ್ಲಿಯೇ ಪೋರ್ತುಗೀಜರ ಕಾಲದ ಇಗರ್ಜಿ, ನಡುವೆ ದೋಣಿಗಳು, ಸುತ್ತಲೂ ಭೇಳಪುರಿಯವರ ಕೂಗು. ಠಾಣೆಗೆ ಕೆರೆಗಳ ಊರೆಂದೇ ಹೆಸರು. ಮಾಸುಂದಾ, ಕಚರಾಳಿ, ಉಪವನ, ಸಿದ್ಧೇಶ್ವರ, ರೈಲಾದೇವಿ ಎಂದು ಎಣಿಸುತ್ತ ಹೋದರೆ ಲೆಕ್ಕ ಮೂವತ್ತನ್ನು ದಾಟುತ್ತದೆ. ಕಲ್ಯಾಣದಲ್ಲಿ ಕಾಳಾ ತಲಾವ್ ಉಂಟು. ಡೊಂಬಿವಲಿ ಬಿಟ್ಟು ಶಿಳ್ ಫಾಟಾದ ಕಡೆಗೆ ಹೊರಟರೆ ಖಿಡಕಾಳೇಶ್ವರನ ಗುಡಿಯ ಬಳಿ ಒಂದು ತಲಾವ್ ಉಂಟು. ನವಿಮುಂಬಯಿಯ ಹಳೆಯ ಹಳ್ಳಿಗಳ ತಲಾವುಗಳು ಇಂದಿಗೂ ಎತ್ತರದ ಮನೆಗಳ ನಡುವೆ ಇಣುಕುತ್ತವೆ. ಕೆರೆಯ ನೀರು ಕುಡಿದು ಬೆಳೆದು ಬಂದ ನಮ್ಮ ಹಿರಿಯರಿಗೆ ಈ ಸೀಮೆ ತೀರ ಪರಸ್ಥಳವೆನಿಸದಿದ್ದುದಕ್ಕೆ ಇದೂ ಒಂದು ಕಾರಣವಿದ್ದೀತು.

ಕೆರೆ ಎಂದ ಮೇಲೆ ಅದಕ್ಕೊಂದು ದೆವ್ವವೂ ಬೇಕಷ್ಟೆ. ನಮ್ಮ ಬಾಲ್ಯದ ಕೆರೆಗೆ ಒಂದಲ್ಲ, ಏಳಿದ್ದವು. ಆ ಕೆರೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಡೊಂಬಿವಲಿಯ ಪೂರ್ವಕ್ಕೆ, ಕಾರಖಾನೆಗಳ ಆಚೆ ಇದ್ದ ಒಂದು ಹಳ್ಳಿಯ ಕೆರೆ ಎಂದರೆ ಸಾಕು. ನಮ್ಮ ತಂದೆಯವರು ಹಾವೇರಿಯ ಕಡೆಯಿಂದ ನೌಕರಿಗೆಂದು ಬಂದು ಚಾಳಿನಲ್ಲಿ ಎರಡು ಕೋಣೆ ಹಿಡಿದಿದ್ದರು. ನಾವು ಮೂವರು ಮಕ್ಕಳು, ಇಬ್ಬರು ಅಣ್ಣತಮ್ಮಂದಿರು ಮತ್ತು ಒಬ್ಬ ತಂಗಿ. ಮನೆಯಲ್ಲಿ ಅವ್ವ, ಅಪ್ಪ, ಊರಿನಿಂದ ಬಂದ ಅಜ್ಜಿ.

ಅಜ್ಜಿಗೆ ಮರಾಠಿ ಬರುತ್ತಿರಲಿಲ್ಲ. ಚಾಳಿನ ಹಿಂದಿನ ಹಳ್ಳಿಯಿಂದ ತರಕಾರಿ ತರುತ್ತಿದ್ದ ಆಗ್ರಿ ಮುದುಕಿಗೆ ಕನ್ನಡ ಬರುತ್ತಿರಲಿಲ್ಲ. ಆಕೆಯನ್ನು ನಾವು ಆಜಿ ಎನ್ನುತ್ತಿದ್ದೆವು. ಇಬ್ಬರೂ ಎಲೆ ಅಡಿಕೆ ಹಾಕಿಕೊಂಡು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಯಾವ ಭಾಷೆಯಲ್ಲಿ ಎಂಬುದು ನಮಗೆ ಈಗಲೂ ಬಗೆಹರಿದಿಲ್ಲ. ಅವರ ಮಾತು ಬಹಳವಾಗಿ ದೆವ್ವಗಳ ಮೇಲೆಯೇ. ಆ ತಲಾವಿನಲ್ಲಿ ಸಾತ್ ಆಸರಾ ಇದ್ದಾರೆ, ಏಳು ಮಂದಿ ಅಕ್ಕತಂಗಿಯರು, ನಡುಮಧ್ಯಾಹ್ನ ನೀರಿನ ಮೇಲೆ ಬರುತ್ತಾರೆ, ಒಬ್ಬನೇ ಬಂದವನನ್ನು ಕರೆದೊಯ್ಯುತ್ತಾರೆ ಎಂದು ಆಜಿ ಹೇಳುವಳು. "ತಲಾವಾವರ್ ಜಾಊ ನಕಾ" ಎಂದು ನಮಗೆ ಬೆರಳು ತೋರಿಸುವಳು. ತಾನು ಮಾತ್ರ ಅಮಾವಾಸ್ಯೆಗೆ ಹೋಗಿ ಅರಿಷಿಣ ಕುಂಕುಮ, ಹಸಿರು ಬಳೆ ಇಟ್ಟು ಬರುವಳು. ನಮ್ಮ ಅಜ್ಜಿ, "ಇವ್ರು ನಮ್ಮೂರ ಜಲಕನ್ನೇರೇ ಬಿಡ್ರೆವ್ವಾ, ಇಲ್ಲಿಗೆ ಬಂದು ಸೀರಿ ಉಡೋದಷ್ಟೇ ಬ್ಯಾರೆ ಆಗೇದ" ಎಂದು ಸಮಾಧಾನಪಡುವಳು. ನಮ್ಮಂತೆಯೇ ನಮ್ಮ ದೆವ್ವಗಳೂ ವಲಸೆ ಬಂದಿದ್ದುವೆಂದು ಆಕೆಗೆ ಸಂತೋಷ!

ದೊಡ್ಡವರಾದ ಮೇಲೆ ವಾಚನಾಲಯದಲ್ಲಿ ಎಂಥೋವನ್ ಎಂಬ ಇಂಗ್ಲಿಷ್ ಅಧಿಕಾರಿಯ ಕೊಂಕಣದ ಜಾನಪದ ಪುಸ್ತಕ ನಮ್ಮ ಕೈಗೆ ಬಂತು. ಅದು 1915ರದು. ಜಾಕ್ಸನ್ ಎಂಬ ಪಂಡಿತ ಕಲೆಕ್ಟರರು ಹಳ್ಳಿಯ ಶಾಲಾ ಮಾಸ್ತರರಿಗೆ ಪ್ರಶ್ನೆಗಳನ್ನು ಕಳಿಸಿ ಉತ್ತರ ತರಿಸಿಕೊಂಡಿದ್ದರು. 1909ರ ಡಿಸೆಂಬರಿನಲ್ಲಿ ನಾಸಿಕದಲ್ಲಿ ಅವರ ಕೊಲೆಯಾದ ಮೇಲೆ ಎಂಥೋವನ್ ಆ ಕಾಗದಗಳನ್ನು ಜೋಡಿಸಿದರು. ಅದರಲ್ಲಿ ಆಸರಾಗಳೂ ಇದ್ದರು, ನೀರಿನೊಳಗೆ ಕಾದು ಕೂತು ಜನರನ್ನು ದಾರಿ ತಪ್ಪಿಸುವ ಗಿರ್ಹಾ ಎಂಬ ದೆವ್ವವೂ ಇತ್ತು. ನಮ್ಮ ಆಜಿಯ ಮಾತು ಹಳೆಯದೆಂದು ತಿಳಿದು ಸಂತೋಷವಾಗಬೇಕಿತ್ತು. ಆದರೆ ಆ ಪುಟ ತೆರೆದಾಗ ನಮ್ಮ ಕೈ ನಡುಗಿತು. ಅದರ ಕಾರಣವನ್ನು ಹೇಳಲೆಂದೇ ಇಷ್ಟು ಪೀಠಿಕೆ ಹಾಕಿದೆವು.

1973ರ ಮೇ ತಿಂಗಳು. ಮೈಸೂರು ರಾಜ್ಯವು ಕರ್ನಾಟಕವೆನಿಸಿಕೊಳ್ಳಲು ಇನ್ನೂ ಆರು ತಿಂಗಳಿತ್ತು. ನಮ್ಮ ಮನೆಯಿಂದ ಎರಡು ಬಾಗಿಲಾಚೆ ವಿಜಾಪುರದ ಕಡೆಯ ಒಂದು ಮನೆತನ. ಆ ತಾಯಿಯನ್ನು ನಾವು ಕಾಕು ಎನ್ನುತ್ತಿದ್ದೆವು. ಅವರ ಮಗ ನಮ್ಮ ಜೊತೆಯವ, ಹನ್ನೊಂದು ವರ್ಷದವ. ಹೆಸರು ಬೇಡ. ಅವನಿಗೆ ದೆವ್ವದ ಭಯ ಬಹಳ. ನಮಗೆ ಭಯ ಕಡಿಮೆ ಎಂದಲ್ಲ. ಮೂವರಿದ್ದುದರಿಂದ ಇಲ್ಲದವರಂತೆ ನಟಿಸಬಹುದಾಗಿತ್ತು.

ಒಂದು ದಿನ ಮಧ್ಯಾಹ್ನ ದೊಡ್ಡವರು ಅಡ್ಡಾದಾಗ ನಾಲ್ವರೂ ಕೆರೆಗೆ ಹೋದೆವು. ಬೇಸಗೆಯಲ್ಲಿ ನೀರು ಇಳಿದು, ಕೆಸರು ಒಡೆದು, ಕೆರೆ ಅರ್ಧವಾಗಿತ್ತು. "ಆಸರಾ ಇಲ್ಲಂತ ತೋರಸ್ತೀಯೇನು? ಹಂಗಾರ ಎದೀಮಟ ನೀರಿಗೆ ಹೋಗಿ ಬಾ. ನಾಲ್ಕಾಣೆ ಕೊಡ್ತೀವಿ" ಎಂದೆವು. ಮೂವರಲ್ಲಿ ಯಾರು ಮೊದಲು ಅಂದರು ಎಂಬುದನ್ನು ನಾವು ಒಬ್ಬರಿಗೊಬ್ಬರು ಎಂದೂ ಕೇಳಿಕೊಂಡಿಲ್ಲ. ಮೂವರೂ ಅಂದೆವು, ಅಷ್ಟೆ.

ಅವನು ಚಪ್ಪಲಿ ಬಿಟ್ಟ. ಜೋಡಿಯಾಗಿ ಇಟ್ಟ. ನಗುತ್ತ ಇಳಿದ. ಮೊಣಕಾಲು, ಸೊಂಟ. ಆಮೇಲೆ ಒಮ್ಮೆಲೆ ಗದ್ದದವರೆಗೆ. ಕೈಗಳಿಂದ ನೀರು ಬಡಿದ. ನಮ್ಮನ್ನು ಹೆದರಿಸಲು ಆಟ ಹೂಡಿದ್ದಾನೆಂದು ನಾವು ನಕ್ಕೆವು. ಅವನು ಒಂದು ಸಲವೂ ಕೂಗಲಿಲ್ಲ. ಕೂಗಿದ್ದರೆ ಎಂದು ಎಷ್ಟು ರಾತ್ರಿ ಎಣಿಸಿದ್ದೇವೋ! ಮುಳುಗುವವರು ಕೂಗುವುದಿಲ್ಲವೆಂದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಬಾಯಿ ನೀರಿನ ಮೇಲೆ ಬಂದ ಚಣದಲ್ಲಿ ಉಸಿರೆಳೆಯುವುದಕ್ಕೇ ಅವಕಾಶ ಸಾಲದು, ದನಿಗೆ ಎಲ್ಲಿಂದ ಬರಬೇಕು? ಕೈಗಳು ತಾವಾಗಿಯೇ ನೀರನ್ನು ಕೆಳಕ್ಕೆ ಒತ್ತುತ್ತವೆ. ದಂಡೆಯಲ್ಲಿ ನಿಂತವರಿಗೆ ಅದು ಆಟದಂತೆಯೇ ಕಾಣುತ್ತದೆ. ಎಲ್ಲವೂ ಒಂದು ನಿಮಿಷದೊಳಗೆ ಮುಗಿದುಹೋಗಬಹುದು. ಸದ್ದಿಲ್ಲದೆ ಕರೆದೊಯ್ಯುತ್ತಾರೆ ಎಂದು ಆಜಿ ಹೇಳಿದ್ದು ಇದನ್ನೇ ಕಂಡವರ ಮಾತಾಗಿರಬೇಕು.

ಹಳ್ಳಿಯವರು ಬಂದು ಒಂದು ತಾಸಿನಲ್ಲಿ ಅವನನ್ನು ತೆಗೆದರು. ಇಟ್ಟಿಗೆಯವರು ಕೆರೆಯೊಳಗಿನ ಮಣ್ಣು ತೆಗೆದು ಆಳದ ಕುಣಿ ಮಾಡಿದ್ದರು. ಅವನ ಕಾಲು ಅದರ ಅಂಚಿನಲ್ಲಿ ಜಾರಿತ್ತು. ಇದು ಅಲ್ಲಿ ನೆರೆದವರಿಗೆಲ್ಲ ಗೊತ್ತಿತ್ತು. ಆದರೂ ಆಜಿ ಹಣೆ ಹಣೆ ಬಡಿದುಕೊಂಡು, "ಆಸರಾಂನೀ ನೇಲಾ" ಎಂದಳು. ಆಸರಾಗಳು ಒಯ್ದರು. ಒಬ್ಬರ ಬಾಯಿಂದ ಒಬ್ಬರ ಬಾಯಿಗೆ ಅದೇ ಮಾತು ನಡೆಯಿತು. ನಮ್ಮ ಕಡೆಗೆ ಯಾರೋ ತಿರುಗಿ, "ಹೌದೇನ್ರೋ?" ಎಂದು ಕೇಳಿದರು. ನಾವು ಮೂವರೂ ತಲೆಯಾಡಿಸಿದೆವು. ಮುಂದೆ ಯಾರೂ ಏನೂ ಕೇಳಲಿಲ್ಲ. ದೆವ್ವವು ನಮ್ಮನ್ನು ಕಾಯಿತು.

ಮೂರನೆಯ ರಾತ್ರಿ ಅಜ್ಜಿ ನಮ್ಮನ್ನು ಮಗ್ಗುಲಲ್ಲಿ ಹಾಕಿಕೊಂಡು ಕೆರೆಗೆ ಹಾರವಾದ ಭಾಗೀರಥಿಯ ಕತೆ ಹೇಳಿದಳು. ಆ ಹಾಡನ್ನು ಆಕೆ ಊರಲ್ಲಿ ಬೀಸುವಾಗ ಹಾಡುತ್ತಿದ್ದಳು. ಅಂದು ಹಾಡಲಿಲ್ಲ, ಮಾತಿನಲ್ಲಿ ಹೇಳಿದಳು. ಓದುಗರಲ್ಲಿ ಬಹುಮಂದಿಗೆ ಅದು ಗೊತ್ತು. ಕಲ್ಲನಕೇರಿಯ ಮಲ್ಲನಗೌಡ ಕೆರೆ ತೋಡಿಸಿದ. ಹನಿ ನೀರು ಬರಲಿಲ್ಲ. ಹೊತ್ತಗೆ ತೆಗೆದು ನೋಡಿದಾಗ ಸೊಸೆಯನ್ನು ಹಾರ ಕೊಡಬೇಕೆಂದು ಬಂತು. ಹಿರಿಯ ಸೊಸೆ ಹೋದರೆ ಮನೆವಾರ್ತೆ ನಡೆಯದೆಂದು ಲೆಕ್ಕ ಹಾಕಿ ಕಿರಿಯ ಸೊಸೆ ಭಾಗೀರಥಿಯನ್ನು ಗೊತ್ತುಮಾಡಿದರು. ಆಕೆ ತೌರಿಗೆ ಹೋಗಿ ಬಂದಳು, ಗೆಳತಿಯನ್ನು ಕಂಡು ಬಂದಳು, ಅಡಿಗೆಗೆ ನಿಂತಳು. ಪೂಜೆ ಮುಗಿಸಿ ಹೊರಟವರು ಬಂಗಾರದ ಬಟ್ಟಲು ಮರೆತೆವೆಂದರು. ತರಲು ಇಳಿದವಳಿಗೆ ಮೆಟ್ಟಲು ಮೆಟ್ಟಲಿಗೆ ನೀರು ಏರಿತು. ದಂಡಿಗೆ ಹೋಗಿದ್ದ ಗಂಡ ಮಾದೇವರಾಯ ಓಡಿ ಬಂದು ತಾನೂ ಹಾರಿಕೊಂಡ.

ಕತೆ ಮುಗಿಸಿ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ಕೆರಿ ಏನೂ ಬೇಡಿದ್ದಿಲ್ಲ ನೋಡ್ರಿ. ಮನ್ಯಾಗಿನವ್ರು ಕೊಟ್ರು. ಕೊಟ್ಟ ಮ್ಯಾಲೆ ಕೆರಿ ಹೆಸರು ಹೇಳಿದ್ರು."

ಆಕೆಗೆ ನಮ್ಮ ವಿಷಯ ತಿಳಿದಿತ್ತೋ ಇಲ್ಲವೋ, ಹೇಳಲಿಲ್ಲ. ನಾವೂ ಹೇಳಲಿಲ್ಲ.

ಇದು ಬರಿಯ ಹಾಡಿನ ಮಾತೆಂದು ತಿಳಿಯಬಾರದು. ವಿಜಯನಗರಕ್ಕೆ ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಬಂದಿದ್ದ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯಸ್ ತನ್ನ ಕಣ್ಣೆದುರು ನಡೆಯುತ್ತಿದ್ದ ಕೆರೆಯ ಕೆಲಸವನ್ನು ವರ್ಣಿಸಿದ್ದಾನೆ. ಏರಿ ಮತ್ತೆ ಮತ್ತೆ ಒಡೆಯುತ್ತಿತ್ತಂತೆ. ಬಲಿ ಬೇಕೆಂದು ತಿಳಿದವರು ಹೇಳಿದರಂತೆ. ಅರಸನು ಅರವತ್ತು ಮಂದಿಯ, ಜೊತೆಗೆ ಕುದುರೆ ಕೋಣಗಳ ತಲೆ ತೆಗೆಸಿದನೆಂದು ಬರೆದಿದ್ದಾನೆ. ಆ ಅರವತ್ತು ಮಂದಿಯ ಹೆಸರನ್ನು ಅವನು ಹೇಳಿಲ್ಲ. ನಮ್ಮ ನಾಡಿನ ಎಷ್ಟೋ ಕೆರೆಗಳ ದಂಡೆಯಲ್ಲಿ ಪೂಜೆಗೊಳ್ಳುವ ತಾಯಂದಿರ ಹಿಂದೆ ಒಬ್ಬೊಬ್ಬ ಹೆಣ್ಣುಮಗಳ ಕತೆ ಇದೆ. ದೇವತೆಯಾದಳು ಎಂದೊಡನೆ, ಆಕೆಯನ್ನು ನೀರಿಗೆ ಕಳಿಸಿದವರು ಯಾರು ಎಂಬ ಪ್ರಶ್ನೆ ನಿಂತುಹೋಗುತ್ತದೆ.

ಕಾಕುವಿಗೂ ಹಾಗೆಯೇ ಆಯಿತು. ಅವರು ವರ್ಷಕ್ಕೊಮ್ಮೆ ಆ ಕೆರೆಗೆ ಹೋಗಿ ಹಸಿರು ಬಳೆ ಇಟ್ಟು ಬರುತ್ತಿದ್ದರು. ಮಗನನ್ನು ಚೆನ್ನಾಗಿ ನೋಡಿಕೊಳ್ಳಿರೆಂದು ಆಸರಾಗಳಿಗೆ ಬೇಡಿಕೊಳ್ಳುತ್ತಿದ್ದರು. ನಾವು ಬಾಗಿಲ ಮರೆಯಿಂದ ನೋಡುತ್ತಿದ್ದೆವು. ಆಮೇಲೆ ಅವರು ಮಗಳ ಮನೆಗೆಂದು ಕಲ್ಯಾಣಕ್ಕೆ ಹೋದರು. ನಮ್ಮ ಅಜ್ಜಿ ತೀರಿಕೊಂಡಳು. ಚಾಳು ಬಿದ್ದು ಕಟ್ಟಡ ಎದ್ದಿತು. ನಾವು ಒಬ್ಬರು ಠಾಣೆಗೆ, ಇಬ್ಬರು ನವಿಮುಂಬಯಿಗೆ ಚದುರಿದೆವು. ಹಬ್ಬಕ್ಕೆ ಕೂಡಿದಾಗ ಊರಿನ ಎಲ್ಲ ಮಾತೂ ಬರುವುದು, ಅದೊಂದು ಮಾತ್ರ ಬಾರದು.

1998ರಲ್ಲಿ, ನಮ್ಮ ಮಕ್ಕಳು ಅದೇ ವಯಸ್ಸಿಗೆ ಬಂದಾಗ, ಮೂವರೂ ಕೂಡಿ ಕಲ್ಯಾಣಕ್ಕೆ ಹೋದೆವು. ಕಾಕು ಮುದುಕಿಯಾಗಿದ್ದರು. ಗುರುತು ಹಿಡಿದು ಒಳಗೆ ಕರೆದರು. ನಾವು ಹೇಳಿದೆವು. ನಾಲ್ಕಾಣೆಯನ್ನೂ ಬಿಡದೆ ಹೇಳಿದೆವು. ಅವರು ಬಯ್ಯಲಿಲ್ಲ, ಅಳಲೂ ಇಲ್ಲ. ಬಹಳ ಹೊತ್ತಿನ ಮೇಲೆ ಕೇಳಿದರು:

"ಅಂವ ನಗಲಿಕ್ಕತ್ತಿದ್ದನೇನು?"

ಹೌದೆಂದೆವು.

"ಏನರ ತಿಂದಿದ್ದನೇನು? ಮನ್ಯಾಗ ಉಣಲಾರದ ಎದ್ದ ಹೋಗಿದ್ದಾ."

ದಾರಿಯಲ್ಲಿ ಮಾವಿನಕಾಯಿ ಉಪ್ಪು ಹಚ್ಚಿ ತಿಂದೆವು, ದೊಡ್ಡ ಹೋಳು ಅವನಿಗೇ ಬಂದಿತ್ತು ಎಂದೆವು. ಚಪ್ಪಲಿ ಜೋಡಿಸಿ ಇಟ್ಟದ್ದನ್ನು ಹೇಳಿದೆವು. ಅವರು ಪ್ರತಿಯೊಂದನ್ನೂ ಎರಡೆರಡು ಸಲ ಹೇಳಿಸಿಕೊಂಡರು.

"ಆಸರಾ ಒಯ್ದಳು ಅಂದ್ರು, ಎಲ್ಲಾರೂ ಸುಮ್ಮನಾದ್ರು. ನನ್ನ ಮಗ ಆ ದಿನಾ ಏನ ಮಾಡಿದಾ, ಏನ ಮಾತಾಡಿದಾ ಅಂತ ಯಾರನ್ನ ಕೇಳಬೇಕಾಗಿತ್ತು ನಾ?"

ಹೊರಡುವಾಗ ಅವರು ಏಳಲಿಲ್ಲ. "ಇಷ್ಟ ವರ್ಷ ಯಾಕ ತಡಾ ಮಾಡಿದ್ರಿ?" ಎಂದರು, ಅಷ್ಟೆ. ಅದು ಕ್ಷಮೆಯೆಂದು ನಾವು ಹೇಳಿಕೊಂಡು ತಿರುಗುವುದಿಲ್ಲ. ನಾವು ಒಂದು ಜೀವವನ್ನು ಕಳೆದದ್ದಲ್ಲದೆ, ಅದರ ಕೊನೆಯ ಅರ್ಧ ತಾಸನ್ನು ಇಪ್ಪತ್ತೈದು ವರ್ಷ ತಾಯಿಯಿಂದ ಮುಚ್ಚಿಟ್ಟಿದ್ದೆವೆಂದು ಅಂದು ತಿಳಿಯಿತು.

ಆ ಕೆರೆಗೆ ಈಗ ಕಟ್ಟೆ ಕಟ್ಟಿ ಕಂಬಿ ಹಾಕಿದ್ದಾರೆ. ಸಂಜೆ ಜನ ತಿರುಗಾಡುತ್ತಾರೆ. ಮೆಟ್ಟಿಲ ಮೇಲೆ ಈಗಲೂ ಅಲ್ಲೊಂದು ಇಲ್ಲೊಂದು ಹಸಿರು ಬಳೆ ಕಾಣುತ್ತದೆ. ನಮ್ಮ ಮೊಮ್ಮಕ್ಕಳು, ಇಲ್ಲಿ ದೆವ್ವ ಇದೆಯೇ ಎಂದು ಕೇಳುತ್ತಾರೆ. 2024ರಲ್ಲಿ ಕೊಂಕಣದ ಮುಂಜ್ಯಾ ದೆವ್ವದ ಸಿನೇಮಾ ಬಂದ ಮೇಲಂತೂ ಆ ಪ್ರಶ್ನೆ ಹೆಚ್ಚಾಗಿದೆ. ನಾವು ಕತೆಗಳನ್ನು ಹೇಳುತ್ತೇವೆ. ಆಸರಾ, ಗಿರ್ಹಾ, ಕೊಳ್ಳಿದೆವ್ವ ಯಾರನ್ನೂ ಬಿಡುವುದಿಲ್ಲ. ಕತೆಯಿಲ್ಲದ ಕೆರೆ ಬರಿಯ ನೀರು. ಆದರೆ ಕತೆ ಮುಗಿದ ಮೇಲೆ ನಾಲ್ಕಾಣೆಯ ಮಾತನ್ನೂ ಹೇಳುತ್ತೇವೆ.

ಜಗತ್ತಿನಲ್ಲಿ 2021ರ ಒಂದೇ ವರ್ಷದಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅವರಲ್ಲಿ ಕಾಲುಭಾಗ ಐದು ವರ್ಷದೊಳಗಿನ ಕೂಸುಗಳು. ಅದೇ ವರ್ಷದಿಂದ ಜುಲೈ 25ನ್ನು ಇದರ ಎಚ್ಚರಿಕೆಯ ದಿನವೆಂದು ಆಚರಿಸುತ್ತಿದ್ದಾರೆ. ಮಕ್ಕಳಿಗೆ ಈಜು ಕಲಿಸಿರಿ. ನೀರಿನಲ್ಲಿ ಸುಮ್ಮನಾದ ಮಗುವೇ ಅಪಾಯದಲ್ಲಿರುವ ಮಗು ಎಂದು ನೆನಪಿಡಿರಿ. ಮುಳುಗುವವನನ್ನು ಕಂಡರೆ ನೀರಿಗೆ ಹಾರಬೇಡಿರಿ. ಹಗ್ಗವನ್ನೋ ಕೋಲನ್ನೋ ಚಾಚಿರಿ, ತೇಲುವುದನ್ನೇನಾದರೂ ಎಸೆಯಿರಿ, ಜನರನ್ನು ಕೂಗಿರಿ.

ಮೆಟ್ಟಿಲ ಮೇಲಿನ ಬಳೆಗಳನ್ನು ಕಂಡು ಮಾತ್ರ ನಗಬೇಡಿರಿ. ಅವನ್ನು ಇಟ್ಟವಳಿಗೆ ಯಾರೋ ಏನನ್ನೋ ಹೇಳದೆ ಉಳಿಸಿಕೊಂಡಿರಬಹುದು. ಅದು ನಿಮಗೆ ಗೊತ್ತಿದ್ದರೆ, ಇಂದೇ ಹೋಗಿ ಹೇಳಿಬಿಡಿರಿ.